ಗುರುತು ಸಿಗುವ ತನಕ

ಗುರುತು ಸಿಗದ ವಸ್ತುವಿಗೆ ನಮ್ಮ ಮನೆಗಳಲ್ಲಿ ಸಿಗುವ ಮರ್ಯಾದೆ ಗುರುತಿರುವ ನೆಂಟರಿಗೂ ಸಿಗುವುದಿಲ್ಲ. ಒನಕೆ ಏನೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಅದು ಕೊಟ್ಟಿಗೆಯ ಮೂಲೆಯಲ್ಲಿ ಗೆದ್ದಲು ಹಿಡಿಸಿಕೊಂಡು ನಿಂತಿದೆ. ಬೀಸುಕಲ್ಲು ಗೊತ್ತು. ಅದರ ಮೇಲಿನ ಹೋಳು ಮಳೆಗಾಲದಲ್ಲಿ ಬಚ್ಚಲಿಗೆ ಹೋಗುವವರ ಕಾಲಿಗೆ ಮೆಟ್ಟಿಲಾಗಿದೆ. ಆದರೆ ಏನೆಂದು ಯಾರಿಗೂ ಹೇಳಲಾಗದ ಒಂದು ಸಾಮಾನು ಸಿಗಲಿ, ಅದನ್ನು ಒರೆಸುವುದೇನು, ತಿಕ್ಕುವುದೇನು, ಎಣ್ಣೆ ಸವರುವುದೇನು! ಸಂಜೆಯೊಳಗೆ ಅದು ಟಿವಿ ಪಕ್ಕದ ಶೋಕೇಸಿನಲ್ಲಿ, ಅಜ್ಜನ ಫೋಟೋಕ್ಕಿಂತ ಒಂದು ಮೆಟ್ಟಿಲು ಮೇಲೆ.

ಅಂಕೋಲೆ ಕಡೆಯ ಬೆಳಂಬಾರದ ನಮ್ಮ ಹಳೆಮನೆಯ ಹಂಚು ಇಳಿಸಿ ಸ್ಲ್ಯಾಬ್ ಹಾಕಿಸುವುದೆಂದು ಅಣ್ಣತಮ್ಮಂದಿರ ನಡುವೆ ಅಂತೂ ಒಮ್ಮತವಾದಾಗ ಮೊದಲು ಅಟ್ಟ ಖಾಲಿ ಮಾಡಬೇಕಾಯಿತು. ಸಮುದ್ರದ ಉಪ್ಪುಗಾಳಿ ಕಬ್ಬಿಣವನ್ನೂ ಗೆದ್ದಲು ಮರವನ್ನೂ ಹಂಚಿಕೊಂಡು ತಿಂದು ಉಳಿದದ್ದೇ ನಮ್ಮ ಪಿತ್ರಾರ್ಜಿತ. ಅಕ್ಕಿ ಅಳೆಯುವ ಸಿದ್ದೆ, ಕೊಳಗ, ಕರಟದ ಸೌಟು, ಗಾಜಿಲ್ಲದ ಲಾಂದ್ರ, ಯಕ್ಷಗಾನದ ರಾತ್ರಿಗೆ ಬಾಡಿಗೆಗೆ ಹೋಗಿ ಬರುತ್ತಿದ್ದ ಪೆಟ್ರೋಮ್ಯಾಕ್ಸು. ಇವೆಲ್ಲ ಗುರುತಿನವು, ಗುಜರಿಯವನ ತಕ್ಕಡಿಗೆ ಸಲ್ಲುವಂಥವು. ಗುರುತಿಲ್ಲದ್ದನ್ನು ಮಾತ್ರ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆವು.

ಆ ಗುಂಪಿನಲ್ಲಿ ಕಾರವಾರ, ಹುಬ್ಬಳ್ಳಿ, ಬೆಂಗಳೂರು, ಡೊಂಬಿವಲಿ, ಮಸ್ಕತ್ತುಗಳಲ್ಲಿ ಚದುರಿಹೋದ ನಮ್ಮವರೆಲ್ಲ ಇದ್ದಾರೆ. ಮಾಮೂಲಿ ದಿನಗಳಲ್ಲಿ ಅಲ್ಲಿ ಗುಲಾಬಿ ಹೂವಿನ ಶುಭೋದಯ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ, ಸಾವಿಗೆ ಜೋಡಿಸಿದ ಕೈ, ಇಷ್ಟೇ ವಹಿವಾಟು. ಒಂದು ಫೋಟೋ ಬಿದ್ದದ್ದೇ ತಡ, ಗುಂಪು ಪುರಾತತ್ವ ಇಲಾಖೆಯಾಯಿತು. ಜಾಗದ ಪಾಲಿನ ವಿಷಯಕ್ಕೆ ಮಾತು ಬಿಟ್ಟಿದ್ದವರೂ ಮಾತಾಡಿದರು. "ಬೆಳಕಿಗೆ ಹಿಡಿದು ಇನ್ನೊಂದು ತೆಗಿ", "ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡು, ಅಳತೆ ಗೊತ್ತಾಗಲಿ", "ಹಿಂಬದಿ ತೋರಿಸು". ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ.

ಮೊದಲಿಗೆ ಹಾಕಿದ್ದು ಸಣ್ಣದೊಂದು ತಗಡಿನ ಪಟ್ಟಿ. ತುದಿಯಲ್ಲಿ ಕೂದಲೆಳೆಯಂಥ ಒಂದು ತಂತಿ, ಅಷ್ಟೇ. ಬೆಂಗಳೂರಿನ ಅಳಿಯ, ಕಂಪ್ಯೂಟರಿನವ, ಕ್ಷಣ ತಡಮಾಡಲಿಲ್ಲ: "ಫೋನಿನ ಸಿಮ್ ತೆಗೆಯುವ ಪಿನ್ನು." ಅಟ್ಟದಲ್ಲಿದ್ದ ಸಿಮ್ ಪಿನ್ನಿಗೆ ನಮ್ಮ ಹುಡುಗನೊಬ್ಬ ಮರುಳಾಗಿ ತನ್ನ ಫೋನಿಗೆ ಚುಚ್ಚಿಯೂ ನೋಡಿದ. ತಂತಿ ಬಗ್ಗಿತು. ಕೊನೆಗೆ ಹುಬ್ಬಳ್ಳಿಯ ಅತ್ತೆ ಹೇಳಿದ್ದು ಸರಿ. ಅದು ಪಂಪ್ ಸ್ಟೋವಿನ ಪಿನ್ನು. 1892ರ ಸುಮಾರಿಗೆ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ ಕಟ್ಟಿದ ಪ್ರೈಮಸ್ ಸ್ಟೋವು ನಮ್ಮ ಅಡುಗೆಮನೆಗೂ ಬಂದಾಗ ಅದರ ಹಿಂದೆಯೇ ಈ ಪಿನ್ನೂ ಬಂತು. ಸೀಮೆಎಣ್ಣೆಯ ಆವಿ ಹೊರಬರುವ ತೂತು ಮಸಿ ಕಟ್ಟಿದರೆ ಇದರಿಂದ ಚುಚ್ಚಬೇಕು. ಚುಚ್ಚುವಾಗ ಪಿನ್ನು ಮುರಿದು ಒಳಗೇ ಕೂತರೆ ಆ ಮನೆಗೆ ಅವತ್ತು ಅವಲಕ್ಕಿಯೇ ಗತಿ. ಉತ್ತರ ಗೊತ್ತಾದ ಕೂಡಲೇ ಪಿನ್ನು ಕಸದ ಬುಟ್ಟಿಗೆ ಹೋಯಿತು. ನಾನು ಮೇಲೆ ಹೇಳಿದ ನಿಯಮಕ್ಕೆ ಇದು ಮೊದಲ ಪುರಾವೆ.

ಎರಡನೆಯದು ಅಷ್ಟು ಸುಲಭಕ್ಕೆ ಬಾಗಲಿಲ್ಲ. ಮೊಳಕ್ಕೆ ಸ್ವಲ್ಪ ಕಮ್ಮಿ ಉದ್ದದ ಬಿದಿರಿನ ಅಂಡೆ. ಒಂದು ತುದಿಯಲ್ಲಿ ಗಿಣ್ಣು ಹಾಗೇ ಇದ್ದು ತಳ ಮುಚ್ಚಿದೆ. ಇನ್ನೊಂದು ತುದಿಯನ್ನು ಮಸಿಪೆನ್ನಿನ ನಿಬ್ಬಿನಂತೆ ಓರೆಯಾಗಿ ಸೀಳಿ, ಅಂಚನ್ನು ಬೆರಳಾಡಿಸಿದರೆ ತಾಗದಷ್ಟು ನಯವಾಗಿ ಕೆತ್ತಿದೆ. ಕೈ ಹಿಡಿಯುವ ಕಡೆ ಎಷ್ಟೋ ಅಂಗೈಗಳ ಜಿಡ್ಡು ಕುಡಿದು ಜೇನಿನ ಬಣ್ಣಕ್ಕೆ ತಿರುಗಿದೆ. ದಾರ ಕಟ್ಟಿ ತೂಗುಹಾಕಲು ತೂತು. ಓರೆ ಅಂಚಿನ ಪಕ್ಕದಲ್ಲಿ ಮಾತ್ರ ಅಡ್ಡಡ್ಡ ಗೀರುಗಳು, ಕೆಲವು ಆಳ, ಕೆಲವು ತೇಲು.

ಊದುಗೊಳವೆ ಎಂದರು. ತಳ ಮುಚ್ಚಿದ ಕೊಳವೆಯಲ್ಲಿ ಊದಿದರೆ ಕೆನ್ನೆ ಉಬ್ಬೀತೇ ಹೊರತು ಒಲೆ ಉರಿಯದು. ಕೊಳಲು ಎಂದರು, ಸ್ವರದ ತೂತು ಎಲ್ಲಿ? ಫೋನಿನೊಳಗಿನ ಚಿತ್ರ ಹುಡುಕುವ ಯಂತ್ರವನ್ನು ಕೇಳಿದರೆ ಅದು ಹೂದಾನಿ ಎಂದು ಹೇಳಿ, ಅಂಥದ್ದೇ ಬೇಕಾದರೆ ಎಲ್ಲಿ ಸಿಗುತ್ತದೆಂದು ಅಂಗಡಿಯನ್ನೂ ತೋರಿಸಿತು. ಅಲ್ಲಿಂದ ಮುಂದೆ ನಾನು ಒಂದು ವಿಚಿತ್ರ ಗಮನಿಸಿದೆ. ಜನ ಅಂಡೆಯಲ್ಲಿ ಅಂಡೆಯನ್ನು ಕಾಣುತ್ತಿರಲಿಲ್ಲ, ತಮ್ಮ ತಮ್ಮ ಉದ್ಯೋಗವನ್ನು ಕಾಣುತ್ತಿದ್ದರು. ಕಾರವಾರದ ನೌಕಾನೆಲೆಯಲ್ಲಿ ಕೆಲಸಕ್ಕಿರುವ ಮಾವನಿಗೆ ಅದು ಹಡಗಿನವರ ದುರ್ಬೀನಿನ ಚೀಲ. ಬ್ಯಾಂಕಿನಿಂದ ನಿವೃತ್ತರಾದ ದೊಡ್ಡಪ್ಪನಿಗೆ ದುಡ್ಡು ಹುಗಿದಿಡುವ ಕೊಳವೆ ("ತಳ ತಟ್ಟಿ ನೋಡು, ಟೊಳ್ಳು ಸದ್ದು ಬಂದರೆ ನನಗೆ ಮಾತ್ರ ಫೋನ್ ಮಾಡು"). ಮಾಸ್ತರಾಗಿರುವ ಚಿಕ್ಕಪ್ಪನಿಗೆ ತಾಳೆಗರಿ ಇಡುವ ಕರಂಡಕ. ಅಡ್ಡ ಗೀರುಗಳು ಲಿಪಿಯೇ ಇರಬೇಕು, ಧಾರವಾಡದ ವಿದ್ವಾಂಸರಿಗೆ ತೋರಿಸೋಣ ಎಂದೂ ಅವರು ಬರೆದರು. ಹುಬ್ಬಳ್ಳಿಯ ಅತ್ತೆ ಮಾತ್ರ, ಬೆಳಂಬಾರವೆಂದರೆ ಪಾರ್ಶ್ವವಾಯುವಿನ ನಾಟಿ ಮದ್ದಿಗೆ ದೂರದೂರದಿಂದ ಜನ ಬರುವ ಊರಲ್ಲವೇ, ಇದೂ ರೋಗಿಗೆ ಮದ್ದು ಕುಡಿಸುವ ಸಾಧನವೇ ಎಂದರು. ಸ್ಟೋ ಪಿನ್ನಿನಲ್ಲಿ ಗೆದ್ದ ಮೇಲೆ ಅತ್ತೆಗೆ ಸೊಕ್ಕು ಬಂದಿದೆ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಇತಿಹಾಸ ಓದಿದ ಅಣ್ಣನ ಮಗ ಬಾಯಿಬಿಟ್ಟ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು, ಕಾಯಿದೆ ಮುರಿದು ಉಪ್ಪು ಮಾರಿದ್ದು, ತಾಲೂಕಿಗೆ ಕರ್ನಾಟಕದ ಬಾರ್ಡೋಲಿ ಎಂದು ಹೆಸರು ಬಂದದ್ದು ನಮಗೆಲ್ಲ ಪಾಠದಲ್ಲಿ ಓದಿಯೂ ಮನೆಯಲ್ಲಿ ಕೇಳಿಯೂ ಗೊತ್ತು. ಪೊಲೀಸರ ಕಣ್ಣು ತಪ್ಪಿಸಿ ಉಪ್ಪು ಒಯ್ಯಲು ಇಂಥ ಕೊಳವೆಗಳೇ ಬೇಕಾಗಿದ್ದವು, ಓರೆ ಬಾಯಿ ಉಪ್ಪು ಸುರಿಯಲಿಕ್ಕೆ ಅನುಕೂಲ ಎಂದು ಅವನು ಬರೆದದ್ದೇ ಬರೆದದ್ದು, ಗುಂಪಿನಲ್ಲಿ ರಾಷ್ಟ್ರಧ್ವಜಗಳ ಮಳೆ. ಇನ್ನು ಯಾರಿಗೆ ಧೈರ್ಯ? ಸ್ವಾತಂತ್ರ್ಯ ಹೋರಾಟದಲ್ಲಿ ಭಾಗವಹಿಸಿದ ಬಿದಿರನ್ನು ಊದುಗೊಳವೆ ಎನ್ನುವುದು ದೇಶದ್ರೋಹವಾದೀತು. ಮಸ್ಕತ್ತಿನ ತಮ್ಮ ಗಾಜಿನ ಪೆಟ್ಟಿಗೆಗೆ ದುಡ್ಡು ಕಳಿಸುವೆನೆಂದ. ಅತ್ತಿಗೆ ಶೋಕೇಸಿನಲ್ಲಿ ಕೆಂಪು ಮಖಮಲ್ಲು ಹಾಸಿದಳು. ಆಗಸ್ಟ್ 15ಕ್ಕೆ ಶಾಲೆಗೆ ಒಯ್ದು ಮಕ್ಕಳಿಗೆ ತೋರಿಸುವುದೆಂದೂ, ಅದರ ಬಗ್ಗೆ ನಾನು ನಾಲ್ಕು ಮಾತು ಆಡುವುದೆಂದೂ ಠರಾವಾಯಿತು. ಭಾಷಣ ಬರೆಯಲು ಕೂತೆ. ಚೆನ್ನಾಗಿಯೇ ಬರುತ್ತಿತ್ತು.

ನಮ್ಮನ್ನು ನೋಡಿ ನಗುವವರು ಯುರೋಪಿನ ಕಡೆ ಒಮ್ಮೆ ನೋಡಬೇಕು. ರೋಮನ್ನರ ಕಾಲದ ಹನ್ನೆರಡು ಮುಖಗಳ ಒಂದು ಕಂಚಿನ ಗೋಳ ಅವರನ್ನು 1739ರಿಂದ ಕಾಡುತ್ತಿದೆ. ಒಳಗೆ ಪೊಳ್ಳು, ಮುಖಕ್ಕೊಂದರಂತೆ ಬೇರೆ ಬೇರೆ ಗಾತ್ರದ ತೂತು, ಮೂಲೆಮೂಲೆಗೆ ಗುಂಡಿ. ಇಂಗ್ಲೆಂಡು, ಫ್ರಾನ್ಸು, ಜರ್ಮನಿ ಮುಂತಾದ ಕಡೆ ನೂರಕ್ಕೂ ಹೆಚ್ಚು ಸಿಕ್ಕಿವೆ. 2023ರಲ್ಲಿ ಇಂಗ್ಲೆಂಡಿನ ನಾರ್ಟನ್ ಡಿಸ್ನಿ ಎಂಬ ಹಳ್ಳಿಯಲ್ಲಿ ಹವ್ಯಾಸಿಗಳೇ ಅಗೆದು ಇನ್ನೊಂದನ್ನು ತೆಗೆದರು. ಸಣ್ಣಪುಟ್ಟದ್ದನ್ನೂ ಬರೆದಿಟ್ಟ ರೋಮನ್ನರು ಇದರ ಬಗ್ಗೆ ಒಂದಕ್ಷರ ಬರೆದಿಲ್ಲ. ಮೇಣದಬತ್ತಿ ನಿಲ್ಲಿಸುವ ಕಾಲು ಎಂದರು, ದೂರ ಅಳೆಯುವ ಯಂತ್ರ ಎಂದರು, ಬಿತ್ತನೆಯ ದಿನ ಹೇಳುವ ಪಂಚಾಂಗ ಎಂದರು, ಕೈಗವಸು ಹೆಣೆಯುವ ಸಾಧನ ಎಂದು ನೂಲು ಹಾಕಿ ಹೆಣೆದೂ ತೋರಿಸಿದರು. ಇವತ್ತಿಗೂ ತೀರ್ಮಾನವಾಗಿಲ್ಲ. ಅದಕ್ಕೇ ಅದು ಮ್ಯೂಸಿಯಮ್ಮಿನಲ್ಲಿ ದೀಪದ ಕೆಳಗೆ ಕುಳಿತಿದೆ. ನಾಳೆ ಯಾವಳೋ ರೋಮನ್ ಮುದುಕಿ ಎದ್ದು ಬಂದು "ಅಯ್ಯೋ, ಅದು ಒಗೆಯುವ ಕಲ್ಲಿನ ಹತ್ತಿರ ಇಡುತ್ತಿದ್ದದ್ದು" ಎಂದರೆ ಎಷ್ಟು ಪಿಎಚ್‌ಡಿಗಳು ಕರಗಿಹೋದಾವು!

ರೋಮಿನಲ್ಲಿ ಅಂಥ ಮುದುಕಿ ಉಳಿದಿಲ್ಲ. ನಮ್ಮಲ್ಲಿ ದೊಡ್ಡಾಯಿ ಇದ್ದಳು.

ದೊಡ್ಡಾಯಿ ಗುಂಪಿನಲ್ಲಿಲ್ಲ. ಅವಳಿಗೆ ಫೋನೆಂದರೆ ಕಿವಿಗೆ ಹಿಡಿಯುವ ವಸ್ತು. ಮಂಜಗುಣಿ ಕಡೆ ನೆಂಟರ ಮನೆಯಲ್ಲಿದ್ದವಳು ಹಬ್ಬಕ್ಕೆಂದು ಬಂದು ಚಾ ಕುಡಿಯುತ್ತಾ ಶೋಕೇಸಿನ ಕಡೆ ನೋಡಿದಳು. ಕುಡಿದ ಚಾ ನೆತ್ತಿಗೇರಿತು.

"ಅಲ್ಲಾ ತಮಾ, ಗೊಟ್ಟ ಯಾಕೆ ದೇವ್ರ ಹಾಂಗೆ ಕೂರ್ಸಿದ್ರಿ?"

ಗೊಟ್ಟ. ದನಕ್ಕೆ ಮದ್ದು ಹೊಯ್ಯುವ ಗೊಟ್ಟ. ಮಳೆ ಬಿದ್ದ ಹೊಸದರಲ್ಲಿ ಹಸಿ ಹುಲ್ಲು ಕಂಡಾಪಟ್ಟೆ ಮೇದು ದನದ ಹೊಟ್ಟೆ ಉಬ್ಬರಿಸಿದರೆ ಎಣ್ಣೆ, ಶುಂಠಿ, ಇಂಗು ಕದಡಿ ಇದರಲ್ಲಿ ತುಂಬಿ ಕುಡಿಸುತ್ತಿದ್ದರು. ಹೊಟ್ಟೆಯೊಳಗೆ ನೊರೆ ಕಟ್ಟಿ ನಿಂತ ಗಾಳಿಯನ್ನು ಎಣ್ಣೆ ಒಡೆಯುತ್ತದೆ ಎಂಬುದನ್ನು ಈಗಿನ ಪಶುವೈದ್ಯರೂ ಒಪ್ಪುತ್ತಾರೆ. ನಂದಿನಿ ಪ್ಯಾಕೆಟ್ಟಿನ ಹಾಲು ಕುಡಿದು ದೊಡ್ಡವರಾದವರಿಗೆ ಇದೆಲ್ಲ ಎಲ್ಲಿಂದ ತಿಳಿಯಬೇಕು?

ದೊಡ್ಡಾಯಿಗೆ ಬರೇ ಹೇಳಿ ತೃಪ್ತಿಯಾಗಲಿಲ್ಲ. ದನವಿಲ್ಲದ ಮನೆಯಲ್ಲಿ ದನ ಎಲ್ಲಿಂದ ತರುವುದು? ಹತ್ತಿರ ಕೂತಿದ್ದವನು ನಾನು. ಎಡಗೈಯಲ್ಲಿ ನನ್ನ ದವಡೆ ಹಿಡಿದು, ಹೆಬ್ಬೆರಳನ್ನು ಬಾಯಿಯ ಮೂಲೆಗೆ ತುರುಕಿದಳು. ದನದ ಮುಂಬಲ್ಲಿಗೂ ದವಡೆಹಲ್ಲಿಗೂ ನಡುವೆ ಬರಿ ಜಾಗ ಇರುತ್ತದಂತೆ, ಗೊಟ್ಟ ಅಲ್ಲಿಂದ ಹೋಗಬೇಕು. ನನ್ನಲ್ಲಿ ಆ ಜಾಗ ಇರಲಿಲ್ಲ, ಆದರೂ ಅವಳು ಬಿಡಲಿಲ್ಲ. "ತಲೆ ಬಾಳ ಎತ್ತೂಕಾಗ. ಮದ್ದು ಉಸಿರಿನ ದಾರಿಗೆ ಹೋದ್ರೆ ಮುಗೀತು. ಸ್ವಲ್ಪ ಸ್ವಲ್ಪ ಹೊಯ್ಯೂದು, ಕೆಮ್ಮಿದ್ರೆ ತಲೆ ಬಿಡೂದು." ನಾನು ಕೆಮ್ಮಿದೆ. ಬಿಟ್ಟಳು. ಚಿಕ್ಕಪ್ಪನ ಪ್ರಾಚೀನ ಲಿಪಿಯ ಮೇಲೆ ಬೆರಳಿಟ್ಟು, ಅದು ಕೆಂಪಿ ಎಂಬ ಹಟಮಾರಿ ದನ ಕಚ್ಚಿದ ದವಡೆಹಲ್ಲಿನ ಗುರುತೆಂದು ಓದಿ ಹೇಳಿದಳು. ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದಳು. ಬ್ಯಾಂಕಿನ ದೊಡ್ಡಪ್ಪ ಸಣ್ಣವನಿದ್ದಾಗ ಹರಳೆಣ್ಣೆ ಕುಡಿಯುವುದಿಲ್ಲವೆಂದು ಹಟ ಹಿಡಿದರೆ ಅವನಿಗೂ ಇದೇ ಗೊಟ್ಟವಂತೆ. ಕೆಂಪಿಯದ್ದು ಮುಗಿದ ಮೇಲೆ, ತೊಳೆದು.

ಈ ಕೊನೆಯ ಸಂಗತಿಯನ್ನು ಗುಂಪಿಗೆ ಹಾಕಬಾರದೆಂದು ನಾನು ಎಲ್ಲರಿಗೂ ಹೇಳಿದ್ದೆ. ಹಾಗಾಗಿ ಐದು ನಿಮಿಷದಲ್ಲಿ ಮಸ್ಕತ್ತಿಗೆ ತಲುಪಿತು. ದೊಡ್ಡಪ್ಪ ಗುಂಪು ಬಿಟ್ಟರು. ಅವರನ್ನು ಮತ್ತೆ ಸೇರಿಸಲು ಅಡ್ಮಿನ್ ಕಾರವಾರದಿಂದ ಖುದ್ದು ಹೋಗಬೇಕಾಯಿತು. ರೋಗಿಗೆ ಮದ್ದು ಕುಡಿಸುವ ಸಾಧನ ಎಂದು ಮೊದಲೇ ಹೇಳಿದ್ದ ಅತ್ತೆ ತಮ್ಮ ಆ ಸಂದೇಶವನ್ನೇ ಹುಡುಕಿ ದಿನಕ್ಕೊಮ್ಮೆ ಹಾಕತೊಡಗಿದರು. ಗಾಜಿನ ಪೆಟ್ಟಿಗೆಯ ದುಡ್ಡು ಬರಲಿಲ್ಲ. ಗೊಟ್ಟ ಸಂಜೆಯೇ ಶೋಕೇಸಿನಿಂದ ಇಳಿಯಿತು. ಅತ್ತಿಗೆ ಮಖಮಲ್ಲನ್ನು ಎರಡು ಸಲ ತೊಳೆದಳು, ಉಪ್ಪಿನ ಸತ್ಯಾಗ್ರಹಿ ಮುಟ್ಟಿದ್ದ ಬಟ್ಟೆಯನ್ನು ಒಮ್ಮೆಯೂ ತೊಳೆದಿರಲಿಲ್ಲ. ಮೈಸೂರಿನ ಜಯಲಕ್ಷ್ಮೀ ವಿಲಾಸದ ಜಾನಪದ ಸಂಗ್ರಹಾಲಯಕ್ಕೋ, ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೋ ಕೊಡೋಣವೆಂದು ನಾನು ಸೂಚಿಸಿದೆ. ಸೇರು, ಒನಕೆಗಳನ್ನೂ ಗುರುತಿದ್ದೂ ಗೌರವದಿಂದ ಇಟ್ಟುಕೊಳ್ಳುವ ಜಾಗ ನನಗೆ ತಿಳಿದಂತೆ ಅಂಥವು ಮಾತ್ರ. ಅಣ್ಣ ಒಪ್ಪಲಿಲ್ಲ. ದೊಡ್ಡಪ್ಪನ ಹೆಸರೂ ಅದರ ಕೆಳಗೆ ಬರೆದು ಹಾಕಿದರೆ ಏನು ಗತಿ ಎಂಬುದು ಅವನ ಚಿಂತೆ.

ಗೊಟ್ಟದ ಗಲಾಟೆ ತಣ್ಣಗಾಗುವ ಹೊತ್ತಿಗೆ ಡೊಂಬಿವಲಿಯ ಭಾವ ತನ್ನ ಸರದಿ ತಂದ. ಅವನ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದಂತೆ: ತೋಳುದ್ದದ, ಉಕ್ಕಿನ, ಭಾರಿ ಇಕ್ಕಳ. ಹಿಡಿ ಉದ್ದ, ಬಾಯಿ ಗಿಡ್ಡ ಮತ್ತು ಮೊಂಡು, ದವಡೆಯ ಒಂದು ಬದಿಗೆ ಜಾರದಂತೆ ಸಣ್ಣ ತಡೆ. ಸೋಂದೆಯ ಅರಸರು ಕಟ್ಟಿಸಿದ ಸದಾಶಿವಗಡ ಕೋಟೆಯಿಂದ ಬಂದ ಆಯುಧವೆಂದು ಆಗಲೇ ತೀರ್ಮಾನವಾಗಿ, ಹಾಲಿನ ಗೋಡೆಗೆ ಮೊಳೆ ಹೊಡೆದು, ಮೇಲಿನಿಂದ ಪುಟ್ಟ ದೀಪ ಬೀಳುವಂತೆ ಅದನ್ನು ತೂಗಿಹಾಕಿದ್ದಾನೆ. "ನಿಮ್ಮ ಅಭಿಪ್ರಾಯ ತಿಳಿಸಿ" ಎಂದು ಕೆಳಗೆ ಬರೆದಿದ್ದ.

ಭಾವನ ಅಜ್ಜ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದರೆಂಬುದು ನನಗೆ ನೆನಪಿದೆ. ಸಣ್ಣವನಿದ್ದಾಗ ಆ ಇಕ್ಕಳ ನಮ್ಮ ಕೊಟ್ಟಿಗೆಯಲ್ಲಿ ಕೆಲಸ ಮಾಡುವುದನ್ನೂ ನೋಡಿದ್ದೇನೆ. ಇಟಲಿಯ ಬುರ್ಡಿಜೋ ಎಂಬಾತ ಕಳೆದ ಶತಮಾನದ ಆರಂಭದಲ್ಲಿ ಕಂಡುಹಿಡಿದದ್ದು. ಹೋರಿಯ ಬೀಜ ಒಡೆಯಲಿಕ್ಕೆ. ಚರ್ಮ ಕೊಯ್ಯುವುದಿಲ್ಲ, ಒಂದು ಹನಿ ರಕ್ತ ಬೀಳುವುದಿಲ್ಲ, ಒಳಗಿನ ನರ ಮಾತ್ರ ಜಜ್ಜಿಹೋಗುತ್ತದೆ. ನಮ್ಮ ಹೋರಿ ಅಂದು ಹಾಕಿದ ಕೂಗು ಅರ್ಧ ಬೆಳಂಬಾರಕ್ಕೆ ಕೇಳಿಸಿತ್ತು.

ಎಲ್ಲ ಬರೆದು, ಕಳಿಸುವ ಗುಂಡಿಯ ಮೇಲೆ ಬೆರಳಿಡುವಷ್ಟರಲ್ಲಿ ಭಾವನ ಇನ್ನೊಂದು ಫೋಟೋ ಬಂತು. ಮಗಳ ಮದುವೆ ಗೊತ್ತಾಗಿದೆ. ಹೊಸ ಅಳಿಯನನ್ನು ಹಾಲಿನ ಸೋಫಾದಲ್ಲಿ, ಸರಿಯಾಗಿ ಆ ಇಕ್ಕಳದ ಕೆಳಗೇ ಕೂರಿಸಿ ತೆಗೆದಿದ್ದಾರೆ. ಹುಡುಗ ಪಾಪ, ಕೈ ಮಡಚಿಕೊಂಡು ನಗುತ್ತಿದ್ದ. ಬರೆದದ್ದನ್ನೆಲ್ಲ ಅಳಿಸಿ, "ಹಳೆಯ ಕಾಲದ ಅಪರೂಪದ ವಸ್ತು ಭಾವ, ಜೋಪಾನ" ಎಂದು ಹಾಕಿದೆ.