ನಿಮ್ಮ ಹುಡುಗನಿಗೆ ಏನೂ ಆಗಿಲ್ಲ ಬಿಡಿ

ಒಂದು ಮಗುವಿಗೆ ಆಟಿಸಂ ಇದೆಯೋ ಇಲ್ಲವೋ ಎಂದು ಹೇಳಲು ಬೆಂಗಳೂರಿನ ನಿಮ್ಹಾನ್ಸ್‌ನವರೂ ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರೂ ಬಹಳ ಒದ್ದಾಡುತ್ತಾರೆ. ಮಗುವನ್ನು ಆಡಲು ಬಿಟ್ಟು ನೋಡುತ್ತಾರೆ. ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ, ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತದೆಯೇ ಎಂದು ಬರೆದುಕೊಳ್ಳುತ್ತಾರೆ. ತಾಯಿಯನ್ನು ಬಸುರಿನಿಂದ ಹಿಡಿದು ಇಲ್ಲಿಯವರೆಗೂ ವಿಚಾರಿಸುತ್ತಾರೆ. ಅಷ್ಟೆಲ್ಲ ಓದಿದವರಿಗೆ ಅಷ್ಟು ಹೊತ್ತು ಯಾಕೆ ಬೇಕೋ ನಾನರಿಯೆ. ನಮ್ಮ ಕಡೆ ನೆಂಟರೊಬ್ಬರು ಬಂದು ಕೂತು ಕಾಫಿ ಲೋಟ ಕೆಳಗಿಡುವುದರೊಳಗೆ ಕಾರಣ, ಪರಿಹಾರ, ತಪ್ಪಿತಸ್ಥರು ಮೂರನ್ನೂ ಪತ್ತೆಮಾಡಿ ಮುಗಿಸಿರುತ್ತಾರೆ.

ಸರ್ಕಾರ ಒಪ್ಪಿಕೊಂಡಿರುವ ‘ಐಸಾ’ ಎಂಬ ಅಳತೆಪಟ್ಟಿಯಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ನೆಂಟರ ಪಟ್ಟಿಯಲ್ಲಿ ಇರುವುದು ಒಂದೇ ಪ್ರಶ್ನೆ: “ಮೊಬೈಲ್ ಕೊಡ್ತೀಯಾ?” ಕೊಡ್ತೀನಿ ಎಂದರೆ ಅದೇ ಕಾರಣ. ಕೊಡಲ್ಲ ಎಂದರೆ ಟಿವಿ. ಮನೆಯಲ್ಲಿ ಟಿವಿಯೂ ಇಲ್ಲವಾದರೆ ತಾಯಿ ಕೆಲಸಕ್ಕೆ ಹೋಗುತ್ತಾಳೆ, ಮಗುವಿನ ಜೊತೆ ಮಾತಾಡುವವರಿಲ್ಲ, ಪಾಪ. ಆಕೆ ಕೆಲಸ ಬಿಟ್ಟು ಮನೆಯಲ್ಲೇ ಕೂತಿದ್ದರೆ ಸದಾ ಮಗುವಿನ ಹಿಂದೆಯೇ ಇರುತ್ತಾಳೆ, ಅದು ಬಾಯಿ ಬಿಡುವುದಕ್ಕೆ ಮುಂಚೆಯೇ ಎಲ್ಲ ಕೈಗೆ ಕೊಡುತ್ತಾಳೆ, ಇನ್ನೇಕೆ ಮಾತಾಡೀತು? ಈ ಪರೀಕ್ಷೆಯಲ್ಲಿ ತಾಯಿಯೊಬ್ಬಳು ಪಾಸಾದ ದಾಖಲೆ ಇಲ್ಲ.

ಇದರಲ್ಲಿ ನಾವೇ ಮೊದಲಿಗರೆಂದು ಬೀಗಬೇಕಾಗಿಲ್ಲ. 1943ರಲ್ಲಿ ಲಿಯೋ ಕ್ಯಾನರ್ ಎಂಬ ಅಮೆರಿಕದ ವೈದ್ಯರು 11 ಮಕ್ಕಳ ವಿವರ ಬರೆದು ಆಟಿಸಂ ಅನ್ನು ಲೋಕಕ್ಕೆ ಪರಿಚಯಿಸಿದ ಕೆಲವೇ ವರ್ಷಗಳಲ್ಲಿ ಆ ದೇಶದ ಪಂಡಿತರು ತಾಯಂದಿರ ಕಡೆ ತಿರುಗಿದರು. ತಾಯಿ ಫ್ರಿಜ್ಜಿನಂತೆ ತಣ್ಣಗಿದ್ದುದರಿಂದ ಮಗು ಒಳಗೇ ಮುದುಡಿಕೊಂಡಿತು ಎಂಬುದು ವಾದ. ಶಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಇದರ ಮೇಲೆ ದಪ್ಪ ಪುಸ್ತಕವನ್ನೇ ಬರೆದರು. ಇದು ಮಿದುಳಿನ ಬೆಳವಣಿಗೆಯ ವಿಷಯ, ತಾಯಿಯ ಪ್ರೀತಿಯ ಲೆಕ್ಕವಲ್ಲ ಎಂದು ಆಟಿಸಂ ಇರುವ ಹುಡುಗನೊಬ್ಬನ ತಂದೆ ಬರ್ನಾರ್ಡ್ ರಿಮ್ಲಂಡ್ 1964ರಲ್ಲೇ ಬರೆದಿದ್ದರು. ಆದರೂ ತಾಯಂದಿರ ತಲೆಯ ಮೇಲಿನ ಹೊರೆ ಇಳಿಯಲು ಬಹಳ ಕಾಲ ಬೇಕಾಯಿತು. ನಮ್ಮ ಸೋದರತ್ತೆಯರಿಗೆ ಶಿಕಾಗೋ ಗೊತ್ತಿಲ್ಲ. ಮನೆಗೆ ಫ್ರಿಜ್ಜು ಬರುವ ಮೊದಲೇ ಅವರು ಈ ಸಿದ್ಧಾಂತಕ್ಕೆ ತಲುಪಿದ್ದರು. ಪುಸ್ತಕ ಬರೆಯಲಿಲ್ಲ, ಅಷ್ಟೆ.

ಲಸಿಕೆಯ ಕತೆಯೂ ಹಾಗೇ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟನ್ನಿನ ವೈದ್ಯ 12 ಮಕ್ಕಳನ್ನು ಇಟ್ಟುಕೊಂಡು, ಲಸಿಕೆಗೂ ಆಟಿಸಮ್ಮಿಗೂ ನಂಟು ಹಾಕಿ ಬರೆದ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು, ಆತನ ವೈದ್ಯಕೀಯ ನೋಂದಣಿಯೂ ರದ್ದಾಯಿತು. ಲೇಖನ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿದೆ. ಹಿಂತೆಗೆದುಕೊಂಡ ಸುದ್ದಿಯನ್ನು ಇನ್ನೂ ಯಾರೂ ಫಾರ್ವರ್ಡ್ ಮಾಡಿಲ್ಲ.

ಇನ್ನು ಚಿಕಿತ್ಸೆ. ಮೊದಲ ಹಂತದಲ್ಲಿ ರೋಗವೇ ಇರುವುದಿಲ್ಲ. “ನಿಮ್ಮ ಹುಡುಗನಿಗೆ ಏನೂ ಆಗಿಲ್ಲ ಬಿಡಿ. ಗಂಡುಮಕ್ಕಳಿಗೆ ಮಾತು ತಡ. ಇವರಪ್ಪನೂ ಐದು ವರ್ಷಕ್ಕೆ ಮಾತಾಡಿದ್ದು, ಈಗ ನೋಡಿ, ಬಾಯಿ ಮುಚ್ಚಲ್ಲ.” ಹೀಗೆ ಹೇಳುವ ದೊಡ್ಡಪ್ಪನವರ ಮನಸ್ಸು ನಿಜಕ್ಕೂ ಒಳ್ಳೆಯದು, ಅದರಲ್ಲಿ ಸಂಶಯವಿಲ್ಲ. ಬಜೆ ತೇಯ್ದು ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಹಚ್ಚಿ ಎನ್ನುತ್ತಾರೆ, ಬಜೆಯ ಕೊಂಬನ್ನು ತಾವೇ ಗ್ರಂಥಿಗೆ ಅಂಗಡಿಯಿಂದ ತಂದುಕೊಡುತ್ತಾರೆ. ಎರಡು ವರ್ಷದ ಹೊತ್ತಿಗೇ ಲಕ್ಷಣ ಗುರುತಿಸಿ ಕಲಿಸಲು ಶುರುಮಾಡಿದರೆ ಮಗುವಿಗೆ ಎಷ್ಟೋ ಅನುಕೂಲ ಎಂದು ಡಾಕ್ಟರು ಹೇಳಿದ್ದು ಬಜೆಯ ಘಾಟಿನಲ್ಲಿ ಮರೆತುಹೋಗುತ್ತದೆ. ಐದು ತುಂಬಿದರೂ ಹುಡುಗ ಮಾತಾಡದಿದ್ದಾಗ ಅದೇ ದೊಡ್ಡಪ್ಪ ಅದೇ ಕುರ್ಚಿಯಲ್ಲಿ ಕೂತು, “ಇಷ್ಟು ದಿನ ಏನು ಮಾಡ್ತಿದ್ರಿ? ಮೊದಲೇ ತೋರಿಸಬಾರದಾಗಿತ್ತಾ?” ಎನ್ನುತ್ತಾರೆ.

ಎರಡನೇ ಹಂತ ದೇವರದು. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿ ಬಂದರೆ ತಾಯಿಯ ಮನಸ್ಸಿಗಾದರೂ ಒಂದಿಷ್ಟು ಸಮಾಧಾನ ಸಿಕ್ಕೀತು, ನಾನು ಅದಕ್ಕೆ ಅಡ್ಡಿ ಹೇಳುವವನಲ್ಲ. ಮೂರನೇ ಹಂತಕ್ಕೆ ಸಮಾಧಾನ ಗಿಮಾಧಾನ ಏನೂ ಇಲ್ಲ, ಬಿಲ್ಲು ಮಾತ್ರ. ಒಂಟೆ ಹಾಲು, ಆಕ್ಸಿಜನ್ ಕೋಣೆ, ಕೊನೆಗೆ ಸ್ಟೆಮ್ ಸೆಲ್. ರಕ್ತಕ್ಕೆ ಸಂಬಂಧಿಸಿದ ಕೆಲವು ರೋಗಗಳನ್ನು ಬಿಟ್ಟರೆ ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ಲನ್ನು ಚಿಕಿತ್ಸೆಯೆಂದು ಮಾರುವ ಹಾಗಿಲ್ಲ, ಪ್ರಯೋಗವೆಂದಷ್ಟೇ ಮಾಡಬಹುದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೇ ಹೇಳುತ್ತದೆ. ಮಾರ್ಗಸೂಚಿಯಲ್ಲಿ ಹಿನ್ನೆಲೆ ಸಂಗೀತ ಇರುವುದಿಲ್ಲ. ಕ್ಲಿನಿಕ್ಕಿನ ವಿಡಿಯೋದಲ್ಲಿ ಇರುತ್ತದೆ, ಜೊತೆಗೆ ಕಣ್ಣೀರು ಒರೆಸಿಕೊಳ್ಳುವ ಒಬ್ಬ ತಂದೆಯೂ ಇರುತ್ತಾನೆ. ಹೊಲ ಮಾರಿದ ದುಡ್ಡು ಯಾವ ಕಡೆ ಹೋಗುತ್ತದೆಂದು ಬೇರೆ ಹೇಳಬೇಕೇ?

ಇಂಥದ್ದೇನೂ ನಂಬದ ವಿದ್ಯಾವಂತರ ಗುಂಪೊಂದಿದೆ. ಅವರು ಸಿನಿಮಾ ನೋಡಿರುತ್ತಾರೆ. “ಇಂಥ ಮಕ್ಕಳಿಗೆ ಏನಾದ್ರೂ ಒಂದು ಸ್ಪೆಷಲ್ ಟ್ಯಾಲೆಂಟ್ ಇರುತ್ತಂತಲ್ಲ, ಇವನದೇನು?” 1988ರ ‘ರೇನ್ ಮ್ಯಾನ್’ ಚಿತ್ರದ ನಾಯಕ ನೆಲಕ್ಕೆ ಬಿದ್ದ ಕಡ್ಡಿಗಳನ್ನು ನೋಡಿದ್ದೇ ತಡ ಎಣಿಸಿಬಿಟ್ಟ. ಅಂದಿನಿಂದ ನಮ್ಮ ಮಕ್ಕಳೂ ಎಣಿಸಬೇಕು. ಆ ಪಾತ್ರಕ್ಕೆ ಸ್ಫೂರ್ತಿಯಾದ ಕಿಮ್ ಪೀಕ್‌ಗೆ ಇದ್ದದ್ದು ಆಟಿಸಂ ಅಲ್ಲ, ಮಿದುಳಿನ ರಚನೆಯಲ್ಲೇ ಬೇರೊಂದು ವ್ಯತ್ಯಾಸ ಎಂದು ವೈದ್ಯರು ಹೇಳಿದ್ದಾರೆ. ಆದರೂ ಪಕ್ಕದ ಮನೆಯ ಆರು ವರ್ಷದ ಹುಡುಗನಿಗೆ 2047ರ ಆಗಸ್ಟ್ 15 ಯಾವ ವಾರ ಎಂಬ ಪ್ರಶ್ನೆ ತಪ್ಪಲಿಲ್ಲ. ಅವನಿಗೆ ಆಗ ಬೇಕಾಗಿದ್ದದ್ದು ನೀರು.

ಮೊನ್ನೆ ಒಂದು ಮದುವೆಯಲ್ಲಿ ಎಂಟು ವರ್ಷದ ಒಬ್ಬ ಹುಡುಗನನ್ನು ಕಂಡೆ. ಧಾರೆ ಮಂಟಪದಿಂದ ದೂರ, ಊಟದ ಹಾಲಿನಲ್ಲಿ ಇನ್ನೂ ಎಲೆ ಹಾಕುತ್ತಿದ್ದರು. ಈ ಹುಡುಗ ಒಂದು ಪಂಕ್ತಿಯ ತುದಿಯಿಂದ ಶುರುಮಾಡಿ ಪ್ರತಿ ಎಲೆಯ ಮುಂದಿನ ನೀರಿನ ಬಾಟಲಿಯನ್ನೂ ತಿರುಗಿಸಿ, ಲೇಬಲ್ಲು ಒಂದೇ ಕಡೆ ಮುಖ ಮಾಡುವಂತೆ ಇಟ್ಟುಕೊಂಡು ಹೋಗುತ್ತಿದ್ದ. ಕೇಟರಿಂಗಿನವರು ಸಂಬಳ ಕೊಟ್ಟರೂ ಯಾರೂ ಅಷ್ಟು ಒಪ್ಪವಾಗಿ ಮಾಡುವುದಿಲ್ಲ. ಹದಿನೈದೋ ಇಪ್ಪತ್ತೋ ಬಾಟಲಿ ಆಗಿರಬೇಕು, ಆಚೆ “ಗಟ್ಟಿಮೇಳ, ಗಟ್ಟಿಮೇಳ” ಎಂದರು. ಎರಡು ಡೋಲು, ಎರಡು ನಾಗಸ್ವರ, ನಾಲ್ಕೂ ಮೈಕಿನ ಬಾಯಿಗೆ. ಹುಡುಗ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದು ಕೂಗತೊಡಗಿದ. ತಾಯಿ ಓಡಿಬಂದು ಅವನ ಪಕ್ಕದಲ್ಲೇ ಕೂತು, ಅವನ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಒತ್ತಿಹಿಡಿದಳು. ನನ್ನ ಎದುರಿಗಿದ್ದ ಹಿರಿಯರು ಜೇಬಿನಿಂದ ಹತ್ತಿ ತೆಗೆದು ತಮ್ಮ ಕಿವಿಗೆ ತುರುಕಿಕೊಳ್ಳುತ್ತಾ, “ಏನ್ ಗಲಾಟೆ ಮಾಡ್ತಾನ್ರೀ ಆ ಹುಡುಗ! ಚಿಕ್ಕಂದಿನಲ್ಲೇ ಎರಡು ಬಿಟ್ಟಿದ್ರೆ ಸರಿಹೋಗ್ತಿದ್ದ” ಎಂದರು. ಹತ್ತಿಯನ್ನು ಅವರು ಮನೆಯಿಂದಲೇ ತಂದಿದ್ದರು.

ತಂದೆ ಎಲ್ಲಿದ್ದ ಎಂದು ಯಾರೂ ಕೇಳಲಿಲ್ಲ. ತಂದೆಯರನ್ನು ಕೇಳುವ ಪದ್ಧತಿ ಇಲ್ಲ. ಅವನು ವರ್ಷಕ್ಕೊಮ್ಮೆ ಮಗನನ್ನು ಥೆರಪಿಗೆ ಕರೆದುಕೊಂಡು ಹೋದರೆ ಬೀದಿಯೆಲ್ಲ “ಎಂಥ ಬಂಗಾರದ ಮನುಷ್ಯ” ಎನ್ನುತ್ತದೆ. ಮಿಕ್ಕ ದಿನಗಳಲ್ಲಿ ಕೊಳ್ಳೇಗಾಲದಿಂದ ಮೈಸೂರಿಗೆ ಬೆಳಗಿನ ಬಸ್ಸು ಹಿಡಿದು, ಮುಕ್ಕಾಲು ಗಂಟೆಯ ಸ್ಪೀಚ್ ಥೆರಪಿ ಮುಗಿಸಿ, ಸಂಜೆಯ ಬಸ್ಸಿಗೆ ವಾಪಸಾಗುವವಳಿಗೆ ಬಿರುದುಗಳಿಲ್ಲ. ಆಕೆಯ ಮಗನಿಗೆ ಕಿಟಕಿ ಸೀಟು ಸಿಕ್ಕರೆ ಪ್ರಯಾಣ ಸಲೀಸು, ಸಿಗದಿದ್ದರೆ ದಾರಿಯುದ್ದಕ್ಕೂ ಅಳು. ಒಂದು ದಿನ ಕಿಟಕಿಯ ಪಕ್ಕ ಕೂತಿದ್ದವರನ್ನು ಕೇಳಿದಳಂತೆ. ಅವರು ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡರು, ಲೊಚಗುಟ್ಟಿದರು, ನಂಜನಗೂಡಿನ ನಾಟಿ ವೈದ್ಯರೊಬ್ಬರ ನಂಬರನ್ನು ಹುಡುಕಿ ಕೊಟ್ಟರು. ಸೀಟು ಕೊಡಲಿಲ್ಲ.

ಶಾಲೆಗಳು ಇಷ್ಟು ಒರಟಲ್ಲ. ಗೇಟಿನ ಮೇಲೇ ‘ಇನ್‌ಕ್ಲೂಸಿವ್’ ಎಂದು ಬರೆಸಿರುತ್ತಾರೆ. ಪ್ರಿನ್ಸಿಪಾಲರು ಎದ್ದು ನಿಂತು ಕುರ್ಚಿ ತೋರಿಸುತ್ತಾರೆ. “ನಮಗೇನೂ ಪ್ರಾಬ್ಲಂ ಇಲ್ಲ ಮೇಡಂ. ಆದ್ರೆ ಬೇರೆ ಪೇರೆಂಟ್ಸ್ ಇದಾರಲ್ಲ…” ಆ ಬೇರೆ ಪೇರೆಂಟ್ಸನ್ನು ಇಲ್ಲಿಯವರೆಗೆ ಯಾರೂ ಕಣ್ಣಾರೆ ಕಂಡಿಲ್ಲ. ಸೀಟು ಸಿಕ್ಕರೂ ಶ್ಯಾಡೋ ಟೀಚರನ್ನು ನೀವೇ ತರಬೇಕು, ಸಂಬಳ ನೀವೇ ಕೊಡಬೇಕು, ಫೀಸು ಪೂರ್ತಿ ಕಟ್ಟಬೇಕು, ವಾರ್ಷಿಕೋತ್ಸವದ ದಿನ ಮಾತ್ರ ದಯವಿಟ್ಟು ಮನೆಯಲ್ಲೇ ಇಟ್ಟುಕೊಳ್ಳಬೇಕು. ವಿಶೇಷ ಅಗತ್ಯದ 10 ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಒಬ್ಬ ವಿಶೇಷ ಶಿಕ್ಷಕರಿರಬೇಕು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2025ರಲ್ಲಿ ಅದೇ ಕೋರ್ಟು ರಾಜ್ಯಗಳನ್ನು ಕರೆದು, ಹುದ್ದೆಗಳೆಷ್ಟು ಎಂದಾದರೂ ಪ್ರಕಟಿಸಿ ಎಂದು ಮತ್ತೆ ಹೇಳಬೇಕಾಯಿತು. ನಾಲ್ಕು ವರ್ಷದಲ್ಲಿ ಒಂದನೇ ತರಗತಿಯ ಮಗು ನಾಲ್ಕು ಕ್ಲಾಸು ದಾಟುತ್ತದೆ, ಫೈಲು ಒಂದು ಟೇಬಲ್ಲು.

ಸರ್ಕಾರವನ್ನೂ ಸುಮ್ಮನೆ ದೂರಬಾರದು, ಅದು ಯೋಚನೆ ಮಾಡಿಯೇ ಕೆಲಸ ಮಾಡುತ್ತದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ನ್ಯೂನತೆಗಳಿದ್ದವು, ಆಟಿಸಂ ಇರಲಿಲ್ಲ. 2016ರ ಕಾಯ್ದೆಯಲ್ಲಿ ಬಗೆಗಳು 21 ಆದವು, ಆಟಿಸಮ್ಮಿಗೂ ಜಾಗ ಸಿಕ್ಕಿತು. ಅಂದರೆ 21 ವರ್ಷ ಯೋಚಿಸಿ 21 ಬಗೆ. ನಡುವೆ 2011ರ ಜನಗಣತಿಯವರು ಮನೆಬಾಗಿಲಿಗೆ ಬಂದಾಗ ಅವರ ಫಾರಂನಲ್ಲಿ ಆಟಿಸಮ್ಮಿಗೆಂದು ಕಾಲಂ ಇರಲಿಲ್ಲವಾದ್ದರಿಂದ ದೇಶದಲ್ಲಿ ಅಂಥವರೂ ಇರಲಿಲ್ಲ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಇಂಥ ಅವಲಂಬಿತರಿದ್ದರೆ 75,000 ರೂಪಾಯಿ, ತೀವ್ರವಾಗಿದ್ದರೆ 1,25,000 ರೂಪಾಯಿ ಕಡಿತ ಉಂಟು. ಹೊಸ ಪದ್ಧತಿಯಲ್ಲಿ ಇಲ್ಲ. ಹೊಸ ಪದ್ಧತಿಗೆ ಬಂದವರ ಮಕ್ಕಳಿಗೆಲ್ಲ ವಾಸಿಯಾಗಿದೆ ಎಂದೇ ಅರ್ಥ ಮಾಡಿಕೊಳ್ಳಬೇಕು.

ಸವಲತ್ತು ಬೇಕೆಂದರೆ ನ್ಯೂನತೆ ನೂರಕ್ಕೆ 40 ಆದರೂ ಇರಬೇಕು, ಅದಕ್ಕೆ ಸರ್ಟಿಫಿಕೇಟು. ಜಿಲ್ಲಾಸ್ಪತ್ರೆಯ ಆ ಬೆಂಚಿನ ಮೇಲೆ ಕೂತವರ ಸಂಕಟವೇ ಬೇರೆ. “ಕಣ್ಣಲ್ಲಿ ಕಣ್ಣಿಟ್ಟು ನೋಡು ಕಂದಾ, ಅಮ್ಮನ್ನ ನೋಡು” ಎಂದು ಕಡಲೆಬೀಜದ ಚಿಕ್ಕಿಯ ಚೂರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತಾಯಿಯೊಬ್ಬಳು ವರ್ಷಗಟ್ಟಲೆ ಕಲಿಸಿದ್ದಾಳೆ. ಹುಡುಗ ಮನೆಯಲ್ಲಿ ಹತ್ತರಲ್ಲಿ ಎರಡು ಸಲ ನೋಡುತ್ತಾನೆ. ಡಾಕ್ಟರ ಕೋಣೆಗೆ ಹೋದವನೇ ಅವರನ್ನೇ ದಿಟ್ಟಿಸಿ ನೋಡಿ, ನಕ್ಕು, ಕೈ ಮುಂದೆ ಚಾಚಿದ. “ಪರವಾಗಿಲ್ವೇ, ಚೆನ್ನಾಗಿದಾನಲ್ಲಮ್ಮ!” ಎಂದರು ಡಾಕ್ಟರು. ಮಗ ಅಷ್ಟು ಚೆನ್ನಾಗಿ ನಕ್ಕ ದಿನ ತಾಯಿಗೆ ಅಳು ಬಂದದ್ದನ್ನು ಯಾವ ಅಳತೆಪಟ್ಟಿಯಲ್ಲೂ ಅಂಕವಾಗಿ ಹಾಕುವಂತಿಲ್ಲ.

ಅರಿವು ಮೂಡಿಸುವುದರಲ್ಲಿ ಮಾತ್ರ ನಮ್ಮನ್ನು ಹಿಡಿಯುವವರಿಲ್ಲ. ವಿಶ್ವಸಂಸ್ಥೆ 2007ರಲ್ಲಿ ಏಪ್ರಿಲ್ 2 ಅನ್ನು ಆಟಿಸಂ ಅರಿವಿನ ದಿನವೆಂದು ನಿಗದಿ ಮಾಡಿದ್ದೇ ಮಾಡಿದ್ದು, ಆ ಸಂಜೆ ಕಟ್ಟಡಗಳಿಗೆ ನೀಲಿ ಬೆಳಕು, ಡಿಪಿಗಳಿಗೆ ನೀಲಿ ಚೌಕಟ್ಟು. ಮುಖ್ಯ ಅತಿಥಿಗಳು ತಡವಾಗಿ ಬಂದು, ಇವರು ದೇವರ ಮಕ್ಕಳು ಎಂದು ಹೇಳಿ, ಫೋಟೋ ಮುಗಿಸಿ, ದೇವರಿಗೇ ಒಪ್ಪಿಸಿ ಹೋಗುತ್ತಾರೆ. ಏಪ್ರಿಲ್ 3ರಂದು ಹಾಗೆ ಬೆಳಗಿದ್ದ ಒಂದು ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ, ಇನ್ನೂ ನೀಲಿ ಚೌಕಟ್ಟು ಕಳಚದ ಡಿಪಿಯವರೊಬ್ಬರ ಮೆಸೇಜು: “ಮೂರನೇ ಮಹಡಿಯ ಮಗು ಲಿಫ್ಟಿನಲ್ಲಿ ಕೈ ಬಡಿಯುತ್ತಾ ಕುಣಿಯುತ್ತದೆ. ನಮ್ಮ ಮಕ್ಕಳು ಹೆದರುತ್ತವೆ. ಸಂಬಂಧಪಟ್ಟವರು ಮೆಟ್ಟಿಲು ಬಳಸಬಹುದೇ?” ಕೆಳಗೆ ಹನ್ನೊಂದು ಹೆಬ್ಬೆಟ್ಟು.

ಇಷ್ಟೆಲ್ಲದರ ನಡುವೆ ತಂದೆತಾಯಿ ರಾತ್ರಿ ದೀಪ ಆರಿಸಿದ ಮೇಲೆ ಮಾತಾಡಿಕೊಳ್ಳುವುದು ಒಂದೇ ವಿಷಯ, ನಾವು ಹೋದ ಮೇಲೆ ಇವನ ಗತಿ ಏನು? 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಇದಕ್ಕೊಂದು ದಾರಿ ಇದೆ. ಮಗುವಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ ಇರುವ ಸ್ಥಳೀಯ ಸಮಿತಿ ಉಂಟು. ಆದರೆ ನೆಂಟರ ಸಮಿತಿಗೆ ಅರ್ಜಿ, ವಿಚಾರಣೆ ಯಾವುದೂ ಬೇಡ. “ಇನ್ನೊಂದು ಮಾಡ್ಕೊಂಡ್‌ಬಿಡು ಕಣೆ. ಅದು ಇವನನ್ನ ನೋಡ್ಕೊಳ್ಳುತ್ತೆ” ಎಂದು ಚಿಕ್ಕಮ್ಮ ಒಂದೇ ವಾಕ್ಯದಲ್ಲಿ ಆದೇಶ ಹೊರಡಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಹಳೆಯ ಕಾಲವಾಯಿತು, ಈಗ ಕೂಸು ಹುಟ್ಟುವ ಮುಂಚೆ ಕೆಲಸವೇ ಗೊತ್ತಾಗಿರುತ್ತದೆ. ಸಂಬಳವಿಲ್ಲ, ವಾರದ ರಜೆಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ.

ಮುಂದೊಂದು ದಿನ ಆ ತಾಯಿಗೆ ದವಡೆ ಹಲ್ಲು ನೋವು ಬಂತು. ರೂಟ್ ಕೆನಾಲ್ ಮಾಡಬೇಕು, ಎರಡು ಗಂಟೆ ಹಿಡಿಯುತ್ತದೆ ಎಂದರು. ಕೆನ್ನೆ ಹಿಡಿದುಕೊಂಡೇ ಚಿಕ್ಕಮ್ಮನಿಗೆ ಫೋನು ಮಾಡಿದಳು. “ಶನಿವಾರ ಸಂಜೆ ಎರಡು ಗಂಟೆ ಬಂದು ಇವನ ಜೊತೆ ಇರ್ತೀರಾ?”

“ಅಯ್ಯೋ, ಈ ಶನಿವಾರಾನಾ? ರಿಸೆಪ್ಷನ್ ಇದೆ ಕಣೆ.”

“ಮುಂದಿನ ಶನಿವಾರ?”

“ನನ್ನ ಮಂಡಿ ನಿಂಗೆ ಗೊತ್ತಲ್ಲ, ಅವನ ಹಿಂದೆ ಓಡೋಕಾಗುತ್ತಾ? ಅದಿರಲಿ, ರೂಟ್ ಕೆನಾಲ್ ಎಲ್ಲ ಯಾಕೆ ಸುಮ್ನೆ? ಒಂದು ಲವಂಗ ಇಟ್ಕೊಂಡು ಕಚ್ಚಿ ಹಿಡ್ಕೋ, ಹೋಗುತ್ತೆ.”