ಹ್ರಸ್ವಪಾದ ಸವಾರ ಮೀಮಾಂಸೆ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಅಗಲಿ, ಪುತ್ತೂರು ಸುಳ್ಯ ಮಡಿಕೇರಿಗಳ ಮಾರ್ಗವಾಗಿ ಮೈಸೂರಿನತ್ತ ಸಾಗುವ 275ನೆಯದು ಹೊರಡುವ ಮಾಣಿಯ ಕೂಡುರಸ್ತೆಯಲ್ಲಿ ಒಂದು ಸಂಜೆ ಸುಮ್ಮನೆ ನಿಂತು, ಘಟ್ಟದಿಂದಿಳಿಯುವ ಲಾರಿಗಳ ನಡುನಡುವೆ ನುಸುಳುವ ದ್ವಿಚಕ್ರವಾಹನಗಳನ್ನೂ, ಅವು ನಿಂತೊಡನೆ ಸವಾರರ ಪಾದಗಳು ಭೂಮಿಯನ್ನು ಅರಸುವ ಬಗೆಯನ್ನೂ ಅವಲೋಕಿಸಿದವರಿಗೆ, ಮಾನವಕುಲವು ಪಾದ ಊರುವವರೆಂದೂ ಬೆರಳು ಊರುವವರೆಂದೂ ಇಬ್ಬಗೆಯಾಗಿ ಸೃಷ್ಟಿಯಾಗಿದೆಯೆಂಬ ತತ್ತ್ವವು ಹೊಳೆಯದಿರದು. ಮೊದಲ ವರ್ಗದವರಿಗೆ ಶಾಸ್ತ್ರದ ಅಗತ್ಯವಿಲ್ಲ. ಅವರು ಪುಸ್ತಕವನ್ನು ಇಲ್ಲಿಯೇ ಮುಚ್ಚಿ ಕಲ್ಲಡ್ಕಕ್ಕೆ ಹೋಗಿ ಅಲ್ಲಿನ ಕೆ.ಟಿ. ಚಹಾ ಕುಡಿಯಬಹುದು. ಎರಡನೆಯವರಿಗಾಗಿ ಈ ಮೀಮಾಂಸೆ.

ಪೂರ್ವಾಚಾರ್ಯರ ಪದ್ಧತಿಯಂತೆ ಮೊದಲು ಅಧಿಕಾರಿಯ ಲಕ್ಷಣವನ್ನು ಹೇಳತಕ್ಕದ್ದು. ಐದಡಿಯನ್ನು ಕಷ್ಟದಿಂದ ದಾಟಿದ, ಒಣ ಅಡಿಕೆ ತುಂಬಿದ ಗೋಣಿಯೊಡನೆ ತಕ್ಕಡಿಗೇರಿದರೆ ಸೋಲುವ, ಸೈಕಲ್ಲಿನ ಹೊರತು ಅನ್ಯವಾಹನವನ್ನರಿಯದ ವ್ಯಕ್ತಿಯೇ ಇಲ್ಲಿ ಅಧಿಕಾರಿ, ಸ್ತ್ರೀಪುರುಷಭೇದವಿಲ್ಲ. 1988ರ ಮೋಟಾರು ವಾಹನ ಕಾಯಿದೆಯು ಗೇರಿನ ಗಾಡಿಗೆ ಹದಿನೆಂಟು ವರ್ಷ ತುಂಬಿರಬೇಕೆಂದು ವಯಸ್ಸನ್ನು ವಿಚಾರಿಸುವುದೇ ಹೊರತು ಕಾಲಿನ ಉದ್ದವನ್ನು ವಿಚಾರಿಸುವುದಿಲ್ಲ. ಈ ಔದಾರ್ಯದಿಂದಲೇ ಸಮಸ್ತ ಅನರ್ಥಗಳೂ ಉದ್ಭವಿಸುತ್ತವೆ.

ಇನ್ನು ಪೂರ್ವಪಕ್ಷ. ಮಾಣಿಯ ಯಾವ ಮಾಣಿಯೇ ಆಗಲಿ, ಬೈಕು ಕೊಳ್ಳುವ ಇಂಗಿತವನ್ನು ಮನೆಯ ಜಗಲಿಯಲ್ಲಿ ವ್ಯಕ್ತಪಡಿಸಿದ ಕ್ಷಣದಲ್ಲಿ, ಎಂದೂ ಬೈಕು ಹತ್ತಿಯೇ ಇರದ ಸೋದರಮಾವನೊಬ್ಬನು ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, "ತೆಗೆಯುವುದಾದರೆ ಬುಲೆಟ್ಟೇ ತೆಗಿ ಮಾರಾಯ" ಎಂದು ವಿಧಿಸುವುದು ಅನಾದಿಕಾಲದ ಸಂಪ್ರದಾಯ. ಈ ಮತವನ್ನು ಪ್ರಮಾಣಗಳಿಂದ ಪರೀಕ್ಷಿಸೋಣ. ಪ್ರತ್ಯಕ್ಷವು ಅನುಕೂಲವಾಗಿಲ್ಲ, ಅದರ ಆಸನ 800 ಮಿಲಿಮೀಟರಿನ ಆಸುಪಾಸಿನಲ್ಲಿದ್ದು ತೂಕ 190 ಕಿಲೋ ಮೀರುತ್ತದೆ. ಅನುಮಾನವಂತೂ ಇದ್ದೇ ಇದೆ. ಉಪಮಾನಕ್ಕೆ ಅವಕಾಶವಿಲ್ಲ, ಏಕೆಂದರೆ ಮಾವನ ಮತದಲ್ಲಿ ಬುಲೆಟ್ಟಿಗೆ ಸಮಾನವಾದುದಿಲ್ಲ. ಉಳಿಯುವುದು ಶಬ್ದಪ್ರಮಾಣವೊಂದೇ, ಅದು ಮಾತ್ರ ನೇರಳಕಟ್ಟೆಯವರೆಗೂ ಕೇಳಿಸುತ್ತದೆ.

ಜಾವಾಪಂಥದ ವೃದ್ಧರನ್ನೂ ಉಪೇಕ್ಷಿಸಲಾಗದು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಟ ಆ ಯಂತ್ರಗಳಲ್ಲಿ ಒಂದೇ ಲೋಹದಂಡವು ಮೇಲೆ ತಿರುಗಿಸಿದರೆ ಕಿಕ್ಕರಾಗಿಯೂ ಮುಂದೆ ಮಡಿಚಿದರೆ ಗೇರಾಗಿಯೂ ಭಾಸವಾಗುತ್ತಿದ್ದುದರಿಂದ ಅದು ಶುದ್ಧಾದ್ವೈತವೆಂದೂ, ಗೇರನ್ನು ಬಲಗಾಲಿಗೂ ಬ್ರೇಕನ್ನು ಎಡಗಾಲಿಗೂ ಕೊಟ್ಟಿದ್ದ ಹಳೆಯ ಬುಲೆಟ್ಟು ಲೋಕವಿರುದ್ಧವಾದ ಭೇದವಾದವೆಂದೂ ನನ್ನ ಅಭಿಪ್ರಾಯ. ಉಭಯ ಸಿದ್ಧಾಂತಗಳೂ ಗಹನವಾದವು. ಆರಂಭಿಕನ ಕಾಲಿಗೆ ಎರಡೂ ಒದಗುವುದಿಲ್ಲ.

ಈಗ ಸಿದ್ಧಾಂತಕ್ಕೆ ಬರೋಣ. ಆಸನದ ಎತ್ತರವೊಂದನ್ನೇ ನೋಡಿ ನಿರ್ಣಯಿಸುವವರು ಬಜಾಜ್ ಅವೆಂಜರಿನ 737 ಮಿಲಿಮೀಟರನ್ನು ಕಂಡು ಪುಳಕಿತರಾಗುತ್ತಾರೆ. ಆದರೆ ಅದರ ತೂಕ 150 ಕಿಲೋ ದಾಟುವುದೆಂಬುದನ್ನೂ, ಪಾದವಿಡುವ ಕಡ್ಡಿಗಳು ದೂರ ಮುಂದಿರುವುದರಿಂದ ಗಿಡ್ಡ ಕಾಲು ಅಲ್ಲಿಯೂ ಹುಡುಕಾಟಕ್ಕೆ ಬೀಳುವುದೆಂಬುದನ್ನೂ ಮರೆಯುತ್ತಾರೆ. ಅಗಲವಾದ ಆಸನವು ತೊಡೆಗಳನ್ನು ಇಕ್ಕೆಲಕ್ಕೆ ದೂಡಿ ಕಾಲಿನುದ್ದವನ್ನು ಕದಿಯುತ್ತದೆ. ಕಿರಿದಾದ ಆಸನವು ಎತ್ತರವಿದ್ದರೂ ಕಾಲನ್ನು ನೇರವಾಗಿ ಇಳಿಯಗೊಡುತ್ತದೆ. ಭಾರದ ಸವಾರನು ಕುಳಿತರೆ ಹಿಂದಿನ ಸ್ಪ್ರಿಂಗು ತಗ್ಗಿ ಆಸನವೂ ತಗ್ಗುತ್ತದೆ. ಹಗುರದವನಿಗೆ ಆ ಕೃಪೆಯೂ ಇಲ್ಲ. ಗಿಡ್ಡವನು ಹಗುರವಾಗಿಯೂ ಇರುವುದು ಸೃಷ್ಟಿಕರ್ತನ ಪುನರುಕ್ತಿದೋಷವೆಂದು ಆಲಂಕಾರಿಕರು ಹೇಳಬಹುದು.

ಎಲ್ಲಕ್ಕಿಂತ ಮಿಗಿಲಾಗಿ, ಎತ್ತರವನ್ನು ಶೋರೂಮಿನ ನುಣುಪು ನೆಲದಿಂದ ಅಳೆಯುತ್ತಾರೆ. ನಮ್ಮ ಸೀಮೆಯಲ್ಲಿ ಅಂಥ ನೆಲವೆಲ್ಲಿದೆ? ಹೆದ್ದಾರಿಯಿಂದ ಮನೆಯಂಗಳಕ್ಕೆ ಇಳಿಯುವ ಮುರಕಲ್ಲಿನ ದಾರಿಯು ಆಟಿ ತಿಂಗಳಲ್ಲಿ ಪಾಚಿಗಟ್ಟಿರುತ್ತದೆ. ಡಾಮರಿನ ಅಂಚನ್ನು ಮಳೆನೀರು ಕೊರೆದು, ಲಾರಿಗೆ ದಾರಿ ಬಿಟ್ಟು ಬದಿಗೆ ನಿಂತವನ ಎಡಗಾಲಿಗೆ ನೆಲವೇ ಸಿಗದಂತೆ ಮಾಡಿರುತ್ತದೆ. ಆದುದರಿಂದ ಎರಡು ಕಾಲನ್ನೂ ಊರಬೇಕೆಂಬ ದುರಾಶೆಯನ್ನು ತ್ಯಜಿಸಿ, ದಿಣ್ಣೆಯಿರುವ ಕಡೆಗೆ ವಾಹನವನ್ನು ತುಸು ವಾಲಿಸಿ ಒಂದೇ ಕಾಲು ಊರುವುದನ್ನು ಅಭ್ಯಾಸ ಮಾಡತಕ್ಕದ್ದು. ಏರಿನಲ್ಲಿ ಮಾತ್ರ ಎಡಗಾಲೇ ಸರಿ; ಬಲಗಾಲನ್ನಿಳಿಸಿದರೆ ಹಿಂಬ್ರೇಕು ಅನಾಥವಾಗಿ ವಾಹನವು ಹಿಮ್ಮುಖ ಪ್ರಯಾಣವನ್ನಾರಂಭಿಸುತ್ತದೆ.

ಕುಶನ್ ಅಂಗಡಿಯಲ್ಲಿ ಸೀಟಿನ ಸ್ಪಂಜನ್ನು ಕೊಯ್ಯಿಸಿ ಒಂದಂಗುಲ ಗಳಿಸುವ ಉಪಾಯವೂ ಪ್ರಚಲಿತವಾಗಿದೆ. ಆ ಅಂಗುಲದ ಬೆಲೆಯನ್ನು ಶಿರಾಡಿ ಘಾಟಿಯಲ್ಲಿ ಬೆನ್ನುಹುರಿಯು ತೆರುತ್ತದೆ.

ಪರೀಕ್ಷಾವಿಧಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ವಾಹನದ ಮೇಲೆ ಕುಳಿತು ನೋಡುವುದಕ್ಕಿಂತ ಮುಂಚೆ ಅದನ್ನು ಅಂಗಳದಲ್ಲಿ ಹಿಂದಕ್ಕೆ ತಳ್ಳಿ ನೋಡಬೇಕು. ಯಾರ ನೆರವೂ ಇಲ್ಲದೆ ಡಬಲ್ ಸ್ಟ್ಯಾಂಡ್ ಹಾಕಿ ನೋಡಬೇಕು. ಖರೀದಿಯ ದಿನ ಎರವಲು ತಂದ ದಪ್ಪ ಅಟ್ಟೆಯ ಬೂಟನ್ನು ಬಿಟ್ಟು, ದಿನವೂ ಮೆಟ್ಟುವ ಚಪ್ಪಲಿಯಲ್ಲಿಯೇ ನೆಲವನ್ನು ಮುಟ್ಟಿ ನೋಡಬೇಕು.

ಈ ಮೂರರಲ್ಲಿಯೂ ತೇರ್ಗಡೆಯಾಗುವುದು, 1994ರಲ್ಲಿ ಅವತರಿಸಿ ಇಂದಿಗೂ ಅಳಿಯದಿರುವ ಸ್ಪ್ಲೆಂಡರ್. ಆಸನ 785 ಮಿಲಿಮೀಟರು, ಬುಲೆಟ್ಟಿಗಿಂತ ಅಂಗುಲವೂ ತಗ್ಗಿಲ್ಲ. ಆದರೆ ಅದು ಕಿರಿದು, ಗಾಡಿಯ ತೂಕವೂ ಸುಮಾರು 112 ಕಿಲೋ ಮಾತ್ರ. ವಿಟ್ಲದಿಂದ ಉಪ್ಪಿನಂಗಡಿಯವರೆಗೆ ಅದನ್ನು ಬಿಚ್ಚಿ ಜೋಡಿಸಲರಿಯದ ಮೆಕ್ಯಾನಿಕ್ಕನು ಇರಲಾರನು. "ಅದು ಹಾಲು ಹಾಕುವವರ ಗಾಡಿಯಲ್ಲವೋ?" ಎಂದು ಮಾವನು ಆಕ್ಷೇಪಿಸುವನು. ಹೌದು, ಮಳೆಯಿರಲಿ ಬಿಸಿಲಿರಲಿ, ಬೆಳಗಾದರೆ ಆ ಹಾಲು ಸೊಸೈಟಿಯನ್ನು ಚೆಲ್ಲದೆ ತಲುಪುತ್ತಿದೆ.

ಆದುದರಿಂದ ಹ್ರಸ್ವಪಾದನು ಮೊದಲಿಗೆ ಸ್ಪ್ಲೆಂಡರನ್ನೇ, ಅದನ್ನೂ ಬೇರೆಯವರು ಆಗಲೇ ಬೀಳಿಸಿ ಗೀರಿಸಿಟ್ಟ ಸೆಕೆಂಡ್‌ಹ್ಯಾಂಡಾಗಿಯೇ ಕೊಳ್ಳತಕ್ಕದ್ದು. ಬುಲೆಟ್ಟಿನ ವಿಚಾರವನ್ನು ಎರಡು ಮಳೆಗಾಲಗಳ ತರುವಾಯ, ಮಾವನು ಅರ್ಧ ಹಣ ಕೊಡಲೊಪ್ಪಿದ ಪಕ್ಷದಲ್ಲಿ ಮಾತ್ರ, ಪುನಃ ಕೈಗೆತ್ತಿಕೊಳ್ಳಬಹುದು.