ಕೋರ್ಟಿಗೆ ಹೋಗುವ ಗೌಡ್ರು

ಮೋಕದಲ್ಲಿ ಒಬ್ಬ ಮನುಷ್ಯ ವಾರಕ್ಕೆರಡು ಸಲ ಬಳ್ಳಾರಿ ಕೋರ್ಟಿಗೆ ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬದುವಿನ ತಗಾದೆ, ಅಣ್ಣತಮ್ಮಂದಿರ ಪಾಲು, ಹಗರಿ ದಂಡೆಯ ಗುಂಟೆ ಲೆಕ್ಕ, ಏನೋ ಒಂದು ಇದ್ದೇ ಇರುತ್ತದೆ. ಆದರೆ ನ್ಯಾಯಾಧೀಶರು ಎದ್ದು ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಬಿಳಿ ಪ್ಯಾಂಟು, ಬಿಳಿ ಬೂಟು ಹಾಕಿಕೊಂಡು, ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಅಳತೆ ಟೇಪು ಹಿಡಿದು, ‘ಕೋರ್ಟಿಗೆ ಹೋಗಿ ಬರ್ತೀನಿ’ ಎಂದು ದಿನಾ ಕಾರು ಹತ್ತುವ ಗೌಡ್ರ ಬಗ್ಗೆ ಊರಿಗೆ ಚಿಂತೆ ಹತ್ತಿತ್ತು. ಕಡೆಗೆ ರಸ್ತೆ ಬದಿ ಮಿರ್ಚಿ ಕರಿಯುವ ಅವ್ವನೇ ಬಾಯಿ ಬಿಟ್ಟಳು.

“ಇನ್ನಾ ಮುಗಿವಲ್ದೇನಪ್ಪ ನಿಂದು ಕೋರ್ಟಿಂದು?”

“ಎಲ್ಲಿದವ್ವ, ಇನ್ನಾ ನಾಕು ಲೇಯರ್ ಬಾಕಿ ಅದಾವು.”

“ಇನ್ನಾ ನಾಕು ಲಾಯರಾ? ಈಗಾಗ್ಲೇ ಎಷ್ಟು ಆಗ್ಯಾವು?”

“ನಾಕು. ಒಟ್ಟು ಎಂಟು. ಎಂಟಿದ್ರೇನೇ ಗಟ್ಟಿ.”

ಅವ್ವನ ಜಾಲರಿ ಸೌಟು ಎಣ್ಣೆಯ ಮೇಲೇ ನಿಂತುಬಿಟ್ಟಿತು. ಎಂಟು ಲಾಯರು ಇಟ್ಟವನ ಹತ್ತಿರ ಇನ್ನೇನು ಉಳಿದಿರುತ್ತದೆ ಎಂದು ಲೆಕ್ಕ ಹಾಕಿ, ಒಗ್ಗರಣೆ ಪೊಟ್ಟಣಕ್ಕೆ ಎರಡು ಮಿರ್ಚಿ ಹೆಚ್ಚಿಗೆ ಸೇರಿಸಿ ಕೊಟ್ಟಳು. ಆ ಎರಡರಲ್ಲಿ ಒಂದನ್ನು ನಾನೇ ತಿಂದಿದ್ದೇನೆ. ಹಾಗಾಗಿ ಈ ಪ್ರಕರಣದಲ್ಲಿ ನಾನು ಪ್ರತ್ಯಕ್ಷ ಸಾಕ್ಷಿ.

ಗೌಡ್ರ ಕೋರ್ಟು ಬಳ್ಳಾರಿಯ ಒಂದು ಕ್ಲಬ್ಬಿನ ಟೆನಿಸ್ ಕೋರ್ಟು. ಕ್ಲಬ್ಬಿನ ಹೆಸರು ಬೇಡ, ಮುಂದಿನ ತಿಂಗಳು ನನ್ನ ಸದಸ್ಯತ್ವ ನವೀಕರಣ ಇದೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಕಂಟೋನ್ಮೆಂಟಿನ ದೊರೆಗಳ ಜೊತೆ ಬಂದ ಚಟಗಳಲ್ಲಿ ಟೆನಿಸ್ಸೂ ಒಂದು. 1953ರ ಅಕ್ಟೋಬರ್ 1ಕ್ಕೆ ಊರು ಮೈಸೂರು ರಾಜ್ಯಕ್ಕೆ ಸೇರಿತು, ದೊರೆಗಳು ಅದಕ್ಕೂ ಮುಂಚೆಯೇ ಹೋಗಿದ್ದರು, ಚಟ ಉಳಿಯಿತು. ಈಗ ಕ್ಲಬ್ಬಿನ ಲಕ್ಷ್ಮಿ ಇರುವುದು ಇಸ್ಪೀಟು ಕೋಣೆಯಲ್ಲಿ. ಟೆನಿಸ್ ಆಡುವವರು ಆರು ಜನ, ಅದರಲ್ಲಿ ಇಬ್ಬರಿಗೆ ಡಾಕ್ಟರು ಓಡಬೇಡಿ ಅಂದಿದ್ದಾರೆ, ಉಳಿದವರಲ್ಲಿ ಒಬ್ಬರು ಆ ಡಾಕ್ಟರೇ.

ಪ್ರತಿ ಊರಿನಲ್ಲೂ ಗೌಡ್ರಂಥವರು ಒಬ್ಬರಿರುತ್ತಾರೆ. ಗುಡಿಗೆ ಕೈ ಮುಗಿಯಲು ಹೋದರೂ ಇವರ ಕಣ್ಣು ದೇವರ ಮೇಲೆ ನಿಲ್ಲದೆ ಸೋರುವ ಮಾಳಿಗೆಗೆ ಹೋಗುತ್ತದೆ. ಮದುವೆಯಲ್ಲಿ ಅಕ್ಷತೆ ಹಾಕುತ್ತಲೇ ಮಂಟಪದ ಕಂಬ ವಾಲಿದ್ದನ್ನು ಹುಡುಗಿಯ ಅಪ್ಪನಿಗೆ ತೋರಿಸುತ್ತಾರೆ. ಕನ್ನಡದಲ್ಲಿ ಇವರಿಗೆಂದೇ ಹುಟ್ಟಿದ ಶಬ್ದ ಜೀರ್ಣೋದ್ಧಾರ. ಮೊದಲು ಯಾವುದಾದರೂ ಜೀರ್ಣವಾಗಬೇಕು, ಆಮೇಲೆ ಇವರಿಗೆ ಜೀರ್ಣವಾಗುತ್ತದೆ.

ಡಬಲ್ಸ್‌ನಲ್ಲಿ ನಾನು ಗೌಡ್ರ ಜೋಡಿ. ಸರ್ವ್ ಮಾಡಲು ಚೆಂಡು ಮೇಲೆ ಎಸೆದವರು ಚೆಂಡನ್ನು ನೋಡುವುದಿಲ್ಲ, ಅದರ ಹಿಂದೆ ಜೋತುಬಿದ್ದ ಫ್ಲಡ್‌ಲೈಟಿನ ವೈರು ನೋಡುತ್ತಾರೆ. ಆಟ ಡ್ಯೂಸಿಗೆ ಬಂದು ಎಲ್ಲರೂ ಉಸಿರು ಬಿಗಿಹಿಡಿದಿರುವಾಗ ‘ಒಂದ್ನಿಮಿಷ’ ಎಂದು ಕೈ ಎತ್ತಿ ನೆಟ್ಟಿಗೆ ಟೇಪು ಹಿಡಿಯುತ್ತಾರೆ. ನಡುವೆ 36 ಇಂಚು, ಕಂಬದ ಹತ್ತಿರ 42 ಇರಬೇಕು. ಒಂದೂವರೆ ಇಂಚು ಕಮ್ಮಿ ಇದ್ದ ದಿನ ನಾವು ಸೋತರೂ ಅವರು ಗೆದ್ದವರ ಹಾಗೆ ಮನೆಗೆ ಹೋಗುತ್ತಾರೆ.

ಹಳೆಯ ಕೋರ್ಟು ಮಣ್ಣಿನದು. ಗರಸು, ಜಿಗುಟು ಮಣ್ಣು, ಮೇಲೆ ಸಗಣಿ ಸಾರಣೆ. ದಕ್ಷಿಣದ ಕ್ಲಬ್ಬುಗಳ ಸಗಣಿ ಕೋರ್ಟುಗಳು ಒಂದು ಕಾಲಕ್ಕೆ ಹೆಸರುವಾಸಿ. ಬೆಳಿಗ್ಗೆ ಕೋರ್ಟು ನೋಡಿಕೊಳ್ಳುವ ಮಾರ್ಕರ್ ನೀರು ಚಿಮುಕಿಸಿ, ರೋಲರ್ ಎಳೆದು, ದಾರ ಹಿಡಿದು ಸುಣ್ಣದ ಗೆರೆ ಹಾಕಿದರೆ ಸಂಜೆಗೆ ಕೋರ್ಟು ತಯಾರು. ಗೌಡ್ರ ಪ್ರಕಾರ ಇದೇನೂ ದೊರೆಗಳ ವಿದ್ಯೆಯಲ್ಲ. “ನಮ್ಮಪ್ಪ ಕಣ ಮಾಡ್ತಿದ್ದದ್ದೂ ಹಿಂಗೇ. ನೆಲ ಕೆತ್ತು, ನೀರು ಹೊಡಿ, ಎತ್ತು ತುಳಸು, ಸಗಣಿ ಸಾರಸು. ಅವರು ಅದರ ನಡುವೆ ಬಲೆ ಕಟ್ಯಾರ, ನಾವು ಮೇಟಿ ನೆಟ್ಟೀವಿ, ಅಷ್ಟೇ ಫರಕು.” ಬ್ರಿಟನ್ನಿನ ಮೇಜರ್ ವಿಂಗ್‌ಫೀಲ್ಡ್ ಎಂಬವನು 1874ರಲ್ಲಿ ಲಾನ್ ಟೆನಿಸ್ಸಿಗೆ ಪೇಟೆಂಟ್ ತೆಗೆದುಕೊಂಡಾಗ ಅವನ ಕೋರ್ಟು ನಡುವೆ ಸಣ್ಣಗಾಗಿ ಡಮರುಗದ ಹಾಗಿತ್ತು ಎಂದು ನಾನು ನನ್ನ ಓದು ತೋರಿಸಿದೆ. “ನೋಡ್ರಿ, ಮೊದಲನೇ ದಿನಾನೇ ಅಳತಿ ತಪ್ಪಿತ್ತು” ಎಂದರು ಗೌಡ್ರು.

ಆ ಕೋರ್ಟು ಬಿರಿಯತೊಡಗಿದಾಗ ಗೌಡ್ರು ಮೊದಲು ಸೂಚಿಸಿದ್ದು ಹುತ್ತದ ಮಣ್ಣು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಗೆದ್ದಲು ಹುತ್ತ ಪುಡಿ ಮಾಡಿ ಹಾಸಿದ ಕೋರ್ಟುಗಳಿದ್ದವು, ರಾಡ್ ಲೇವರ್ ಬೆಳೆದದ್ದು ಅಂಥದ್ದರ ಮೇಲೇ, ಮುಂದೆ 1962ರಲ್ಲೂ 1969ರಲ್ಲೂ ಒಂದೇ ವರ್ಷದಲ್ಲಿ ನಾಲ್ಕೂ ದೊಡ್ಡ ಪ್ರಶಸ್ತಿ ಬಾಚಿಕೊಂಡ. ಎಲ್ಲ ಸರಿಯಾಗಿತ್ತು. ಸಭೆ ಮೆಚ್ಚಿತು, ಖಜಾಂಚಿ ಖರ್ಚು ಕಮ್ಮಿ ಎಂದು ಇನ್ನೂ ಮೆಚ್ಚಿದರು. ಬೇಡ ಅಂದವನು ಮಾರ್ಕರ್ ಒಬ್ಬನೇ. “ಪಂಚಮಿಗೆ ನನ್ನ ಹೆಂಡ್ತಿ ಹಾಲೆರೆಯಾಕ ಎಲ್ಲಿಗೆ ಹೋಗ್ಬೇಕ್ರಿ? ಸರ್ವಿಸ್ ಲೈನಿಗಾ?” ಎಂದ. ಲೇವರ್ ಆ ಸಂಜೆಯೇ ಫೈಲಿನೊಳಗೆ ಮಲಗಿದ.

ಅಷ್ಟರಲ್ಲಿ 2024ರ ಜನವರಿ ಬಂತು. ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಜಗತ್ತಿನ ನಂಬರ್ ಒನ್ ಆದರು. ಇಸ್ಪೀಟು ಕೋಣೆಯಲ್ಲಿ 43 ದಾಟಿದವರೇ ಎಲ್ಲರೂ. ಒಬ್ಬೊಬ್ಬರಿಗೂ ಒಳಗೆ ಏನೋ ಮಿಸುಕಾಡಿತು. ಆ ಮಿಸುಕಾಟ ಆರುವ ಮುಂಚೆ ಗೌಡ್ರು ಸಭೆ ಕರೆದು, ಎಂಟು ಲೇಯರಿನ ಸಿಂಥೆಟಿಕ್ ಕೋರ್ಟಿಗೆ ಸಹಿ ಹಾಕಿಸಿಕೊಂಡರು. ಸಹಿ ಹಾಕಿದವರ ಮನೆಗೆ ಸಿರುಗುಪ್ಪದ ಅಕ್ಕಿ, ಮೋಕದ ಒಣಮೆಣಸಿನಕಾಯಿ ಹೋದವು ಎಂಬುದು ಸುದ್ದಿ ಮಾತ್ರ. ನಮ್ಮ ಮನೆಗೆ ಮೆಣಸಿನಕಾಯಿ ಬಂದದ್ದು ಹಳೆಯ ಸ್ನೇಹಕ್ಕೆ.

ಬೆಂಗಳೂರಿನಿಂದ ಗುತ್ತಿಗೆದಾರ ಬಂದ. ಕಪ್ಪು ಕನ್ನಡಕ, ಲೇಸರ್ ಯಂತ್ರ. ಇದ್ದ ನೆಲದ ಮೇಲೇ ಜಲ್ಲಿ, ಡಾಂಬರು ಹಾಕಿ ಬಣ್ಣ ಬಳಿದರೆ ಮುಗಿಯಿತು ಎಂದ. ಗೌಡ್ರು ಅವನ ಕೈ ಹಿಡಿದು ಕಾಂಪೌಂಡಿನ ಮೂಲೆಗೆ ಕರೆದೊಯ್ದು ಬೇಸಿಗೆಯ ಬಿರುಕು ತೋರಿಸಿದರು. ಅದರೊಳಗೆ ತಮ್ಮ ಟೇಪು ಬಿಟ್ಟರು. ಟೇಪು ಇಳಿಯಿತು, ಇಳಿಯಿತು, ಮೊಣಕಾಲಿನಷ್ಟು ಆಳಕ್ಕೆ ಹೋಗಿ ನಿಂತಿತು. “ಇದು ಎರಿ, ಸಾಹೇಬ್ರ. ಮಳಿ ಬಂದ್ರ ಉಬ್ತೈತಿ, ಬಿಸಲಿಗೆ ಬಾಯಿ ಬಿಡ್ತೈತಿ. ಇದರ ಮ್ಯಾಲೆ ನಾವು ದನದ ಕೊಟ್ಟಿಗಿ ಕಟ್ಟಬೇಕಂದ್ರೂ ಎರಡು ಸಲ ಯೋಚನಿ ಮಾಡ್ತೀವಿ. ನೀವು ಆಸ್ಟ್ರೇಲಿಯಾ ಕಟ್ಟಾಕ ಹೊಂಟೀರಿ.”

ಈ ಒಂದು ವಿಷಯದಲ್ಲಿ ಗೌಡ್ರನ್ನು ನೋಡಿ ನಗುವಂತಿಲ್ಲ. ಎರೆಭೂಮಿಯ ಮೇಲೆ ಕಟ್ಟುವ ಇಂಜಿನಿಯರುಗಳೂ ಹೇಳುವುದು ಅದನ್ನೇ. ನೀರು ಕುಡಿದು ಹಿಗ್ಗಿ, ಒಣಗಿ ಕುಗ್ಗುವ ಆ ಮಣ್ಣನ್ನು ತೆಗೆದು ಹಿಗ್ಗದ ಗರಸು ತುಂಬಬೇಕು. ಮೂರು ಅಡಿ ತೆಗೆಯುವುದೆಂದಾಯಿತು. ಆಟದ ಗೆರೆಗಳು 78 ಅಡಿ ಉದ್ದ, 36 ಅಡಿ ಅಗಲವಾದರೂ ಓಡಾಟದ ಜಾಗ ಸೇರಿ 120ಕ್ಕೆ 60. ಅಂದರೆ 21,600 ಘನ ಅಡಿ. ಟ್ರಾಲಿಗೆ ನೂರು ಹಿಡಿದರೂ 216 ಟ್ರಾಲಿ. ಈ ಲೆಕ್ಕ ಇಸ್ಪೀಟು ಕೋಣೆ ತಲುಪಿದ ಕೂಡಲೇ, ಅಷ್ಟೂ ಮಣ್ಣು ಗೌಡ್ರ ಹೊಲಕ್ಕೆ ಹೋಗುತ್ತಿದೆ ಎಂಬ ಮಾತು ಹುಟ್ಟಿತು. ಗೌಡ್ರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ದಿನ. “ಕಳ್ಳ ಅನ್ರಿ, ತಡಕೊಂತೀನಿ. ಬಳ್ಳಾರಿಯಿಂದ ಮೋಕಕ್ಕೆ ಎರಿಮಣ್ಣು ಹೊತ್ತೊಯ್ಯೋ ದಡ್ಡ ಅನ್ನಬ್ಯಾಡ್ರಿ!”

ಗುಂಡಿ ತೆಗೆದದ್ದು ಬೇಸಿಗೆಯಲ್ಲಿ. ಗರಸು ಬರುವುದಕ್ಕೆ ಮೊದಲು ಮಳೆ ಬಂತು. ಮಳೆ ಬರದ ಊರೆಂದು ಹೆಸರಾದ ಬಳ್ಳಾರಿಯಲ್ಲಿ ಕ್ಲಬ್ಬಿನ ಹಿತ್ತಲಿಗೊಂದು ಕೆರೆಯಾಯಿತು. ಮೊದಲ ವಾರ ಕಪ್ಪೆ, ಎರಡನೇ ವಾರ ಬೆಳ್ಳಕ್ಕಿ. ಮೂರನೇ ವಾರ ಯಾರೋ ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದರು: ಅಧ್ಯಕ್ಷರು ಭಾನುವಾರ ಬೆಳಿಗ್ಗೆ ಬಾಗಿನ ಅರ್ಪಿಸುವರು. ಅದೇ ಹೊತ್ತಿಗೆ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕಿತ್ತುಹೋಯಿತು. ಕಾಲುವೆ ನಂಬಿದ ಮೋಕ, ಸಿರುಗುಪ್ಪ, ಕುರುಗೋಡು ಕಡೆಯ ರೈತರಿಗೆ ಆ ವಾರ ನಿದ್ದೆಯಿಲ್ಲ. ಗೌಡ್ರಿಗೂ ಇಲ್ಲ. ಮುಂದೆ ವಾರದೊಳಗೆ, ನೀರು ಧುಮುಕುತ್ತಿದ್ದಂತೆಯೇ ತಾತ್ಕಾಲಿಕ ಗೇಟು ಇಳಿಸಿದ್ದು ಎಲ್ಲರಿಗೂ ಗೊತ್ತು. ಗೌಡ್ರು ಸಮಾಧಾನದ ಉಸಿರು ಬಿಟ್ಟು ಕ್ಲಬ್ಬಿಗೆ ಬಂದರೆ ಬಾಗಿಲಲ್ಲೇ ಅಧ್ಯಕ್ಷರು: “ಹೊಳಿ ಹರಿಯೋವಾಗ ಗೇಟು ಕೂಡಿಸ್ಯಾರ, ನೀವು ನಿಂತ ನೀರು ಹೊರಗ ಹಾಕವಲ್ರಿ!”

ಗೌಡ್ರು ಫೈಲಿನಲ್ಲಿ ಏನೋ ಬರೆದುಕೊಂಡರು. ಅಪಮಾನವಾದಾಗ ಅವರು ಬರೆದುಕೊಳ್ಳುತ್ತಾರೆ. ಒಮ್ಮೆ ಕದ್ದು ನೋಡಿದೆ, ‘ಪಂಪ್ 5 ಎಚ್‌ಪಿ’ ಎಂದಿತ್ತು.

ಗರಸು ತುಂಬಿ, ಜಲ್ಲಿ ಹಾಸಿ, ಡಾಂಬರು ಬಿದ್ದ ಮೇಲೆ ಇನ್ನೊಂದು ರಾದ್ಧಾಂತ. ಹೊರಾಂಗಣದ ಕೋರ್ಟು ಸಪಾಟಾಗಿದ್ದರೆ ನೀರು ಹರಿಯುವುದಿಲ್ಲ, ನೂರಕ್ಕೆ ಒಂದರಷ್ಟು ಒಂದೇ ಕಡೆಗೆ ಇಳಿಜಾರು ಬೇಕು. 60 ಅಡಿ ಅಗಲಕ್ಕೆ ಏಳು ಇಂಚಿನ ಮೇಲಾಯಿತು. ಇಸ್ಪೀಟು ಕೋಣೆಯ ಒಬ್ಬ ಹಿರಿಯರು ಊಟದ ಮೇಲೆ ಅಡ್ಡಾಡುತ್ತಾ ಬಂದು ಎಲೆಅಡಿಕೆ ಡಬ್ಬಿಯಿಂದ ಗೋಟಡಿಕೆ ತೆಗೆದು ನೆಲಕ್ಕೆ ಬಿಟ್ಟರು. ಅದು ಉರುಳಿಕೊಂಡು ಮೂಲೆ ಸೇರಿತು. “ಸಪಾಟು ಮಾಡಾಕ ಲಕ್ಷಗಟ್ಲೆ ಕೊಟ್ಟೀವಿ, ಸೊಟ್ಟ ಮಾಡ್ಯಾರ!” ತುರ್ತು ಸಭೆ. ಗೌಡ್ರು ಎದ್ದು ನಿಂತು, ನಿಮ್ಮ ನಿಮ್ಮ ಮನೆಯ ಬಚ್ಚಲು ಸಪಾಟಾಗಿದೆಯೇ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಅಡಿಕೆ ಬಿಟ್ಟವರ ಮನೆಯ ಬಚ್ಚಲು ನಿಜಕ್ಕೂ ಸಪಾಟಾಗಿತ್ತಂತೆ. ಅದನ್ನು ಸರಿ ಮಾಡಿಸಿಕೊಡುವ ಹೊಣೆಯನ್ನೂ ಗೌಡ್ರು ಆ ಸಭೆಯಲ್ಲೇ ಹೊತ್ತರು.

ಬಣ್ಣದ ವಿಚಾರ ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅದು ಐದು ಸಭೆ ತಿಂದಿತು. ಬಳ್ಳಾರಿಯಲ್ಲಿ ಯಾವ ಬಣ್ಣ ಹೇಳಿದರೂ ಅದು ಯಾವುದೋ ಪಕ್ಷದ್ದು. ಹಸಿರು, ನೀಲಿ ಎರಡೂ ಬಿದ್ದುಹೋದ ಮೇಲೆ ಟ್ರಾನ್ಸ್‌ಪೋರ್ಟಿನ ಸದಸ್ಯರೊಬ್ಬರು, ಅದಿರಿನ ಕೆಂಪೇ ಬಳಿಯಿರಿ, ಎಂಟು ದಿನಕ್ಕೆ ಧೂಳು ಕೂತು ಹೇಗೂ ಅದೇ ಬಣ್ಣಕ್ಕೆ ಬರುತ್ತದೆ ಎಂದರು. ಅಷ್ಟು ವಿವೇಕದ ಮಾತನ್ನು ಒಪ್ಪಿಕೊಳ್ಳುವ ಸಭೆ ಅದಾಗಿರಲಿಲ್ಲ. ಕಡೆಗೆ ಒಳಗೆ ನೀಲಿ, ಹೊರಗೆ ಹಸಿರು ಎಂದಾಯಿತು, ಎರಡೂ ಬಣ್ಣದವರು ಮುನಿಸಿಕೊಂಡರು.

ಬಳಿಯುವುದೂ ಸುಲಭವಲ್ಲ. ಸುಡುವ ನೆಲಕ್ಕೆ ಆ ಅಕ್ರಿಲಿಕ್ ಬಿದ್ದರೆ ಹರಡುವ ಮುಂಚೆಯೇ ಒಣಗುತ್ತದೆ, ಮಳೆ ಬಂದರೆ ತೊಳೆದುಹೋಗುತ್ತದೆ. ಗೌಡ್ರು ನಸುಕಿನ ನಾಲ್ಕಕ್ಕೆ ಮೋಕದಿಂದ ಬರತೊಡಗಿದರು, ಕೈಯಲ್ಲಿ ಥರ್ಮಾಮೀಟರು. ಕಾಲಿಂಗ್ ಬೆಲ್ ಒತ್ತಿ ನನ್ನನ್ನು ಎಬ್ಬಿಸಿದ್ದೂ ಉಂಟು. “ಬರ್ರಿ, ಐದನೇದು ಹಾಕಾಕತ್ತಾರ!” ಮನೆಯಲ್ಲಿ ಮೊಮ್ಮಗ ಹುಟ್ಟಿದ ಸುದ್ದಿಯನ್ನು ಅವರು ಇಷ್ಟು ಉಬ್ಬಿ ಹೇಳಿರಲಿಲ್ಲ.

ಎಂಟನೆಯದೂ ಬಿತ್ತು. ಗೆರೆ ಎಳೆದರು. ಟೇಪು ಕತ್ತರಿಸಿ ಉದ್ಘಾಟನೆ ಆಯಿತು. ಗೌಡ್ರ ಅಳತೆ ಟೇಪಲ್ಲ, ರೇಷ್ಮೆಯದು. ಅಂದಿನಿಂದ ಗೌಡ್ರು ಇಳಿದುಹೋದರು. ನೆಟ್ಟು ಸರಿಯಾಗಿ 36 ಇತ್ತು. ದೀಪ ನೆಟ್ಟಗಿದ್ದವು. ಸರ್ವ್ ಮಾಡಲು ತಲೆ ಎತ್ತಿದರೆ ನೋಡಲು ಬರೀ ಚೆಂಡು. ಒಂದು ಸಂಜೆ ಅವರು ಇಸ್ಪೀಟು ಮೇಜಿನಲ್ಲಿ ಕೂತದ್ದನ್ನು ಕಂಡಾಗ ನನಗೆ ಎದೆ ಝಲ್ಲೆಂದಿತು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದದ್ದೂ ಅದೇ ತಿಂಗಳು. ಮಿರ್ಚಿ ಅವ್ವ ಕೇಳಿದಳಂತೆ: “ತೀರ್ಪು ನಿನ್ನ ಕಡೀಗೇ ಆತಲ್ಲಪ್ಪ, ಮತ್ಯಾಕ ಮಾರಿ ಸಣ್ಣದು ಮಾಡೀ?” ಗೌಡ್ರು ಉತ್ತರ ಕೊಡಲಿಲ್ಲವಂತೆ.

ಮೇ ತಿಂಗಳಲ್ಲಿ ಕೃತ್ತಿಕೆ ಮಳೆ ಹೊಡೆಯಿತು. ಗುಡುಗು ನಿಂತ ಮೇಲೆ ನಾನೂ ಮಾರ್ಕರನೂ ಹೋಗಿ ನೋಡಿದರೆ ಕೋರ್ಟು ಕನ್ನಡಿಯ ಹಾಗೆ ಹೊಳೆಯುತ್ತಿದೆ, ನೀರೆಲ್ಲ ಹೇಳಿದ ಮಾತು ಕೇಳಿ ಮೂಲೆಯ ಗಟಾರಕ್ಕೆ ಇಳಿಯುತ್ತಿದೆ. ಗೌಡ್ರು ಬೇಸ್‌ಲೈನಿನ ಹತ್ತಿರ ಮಂಡಿಯೂರಿ ಕೂತಿದ್ದರು. ಅಲ್ಲಿ ಊಟದ ತಟ್ಟೆಯಷ್ಟು ನೀರು ನಿಂತಿತ್ತು. ಕಸುಬಿನವರು ಅದಕ್ಕೆ ಬರ್ಡ್‌ಬಾತ್, ಹಕ್ಕಿಯ ಸ್ನಾನದ ಬೋಗುಣಿ ಎನ್ನುತ್ತಾರೆ. ನೆನೆದ ಕೋರ್ಟು ತಾಸೊತ್ತು ಒಣಗಿದ ಮೇಲೂ ಅದರಲ್ಲಿ ನಾಣ್ಯ ಮುಳುಗಿದರೆ ಕೋರ್ಟು ನಾಪಾಸು. ಅಮೆರಿಕದವರು ಅದಕ್ಕೆ ಐದು ಸೆಂಟಿನ ಬಿಲ್ಲೆ ಇಡುತ್ತಾರೆ. ಗೌಡ್ರು ಗಡಿಯಾರ ನೋಡುತ್ತಾ ತಾಸು ಕಾದರು. ಜೇಬಿನಿಂದ ಒಂದು ರೂಪಾಯಿ ತೆಗೆದು, ಹಣೆಗೊತ್ತಿಕೊಂಡು, ನೀರಿಗೆ ಬಿಟ್ಟರು.

“ಮುಳುಗ್ತು!”

ಹೋದ ಜೀವ ಬಂದವರ ದನಿ ಅದು. ಎದ್ದು ನಿಂತಾಗ ಬಿಳಿ ಪ್ಯಾಂಟಿನ ಮಂಡಿಯಲ್ಲಿ ಎರಡು ನೀಲಿ ನೆರಳು. ಕಾರಿನಿಂದ ಫೈಲು ತರಲು ಮಾರ್ಕರನನ್ನು ಓಡಿಸಿದರು.

ಮರುದಿನ ಮೋಕದಲ್ಲಿ ಅವರ ಕಾರಿನಲ್ಲಿ ನಾನೂ ಇದ್ದೆ. ಅವ್ವ ಬಾಣಲೆಯ ಮುಂದಿನಿಂದಲೇ ಕೂಗಿದಳು.

“ಮತ್ತ ಕೋರ್ಟಿಗೇನಪ್ಪ? ಮುಗದಿತ್ತಲ್ಲ?”

“ಮತ್ತ ತಗದೈತವ್ವ,” ಎಂದರು ಗೌಡ್ರು, ಮುಖ ಸಿರುಗುಪ್ಪದ ಗದ್ದೆಯ ಹಾಗೆ ಅರಳಿತ್ತು.

“ಹಂಗಾರ ನನ್ನ ಮಾತು ಕೇಳು. ಈ ಸಲ ಲಾಯರ್ ಬದ್ಲಿ ಮಾಡು.”

“ಅದೇ ಮಾಡ್ಬೇಕಂತೀನಿ. ಎಂಟೂ ಬ್ಯಾಡ, ಮ್ಯಾಲಿನವು ಎರಡು.”